ತಿರುವಿನಲ್ಲಿ ಮಜ್ಜಿಗೆ

"ಹಿಂದ ಸರಿ ಆಯಿ, ಬಂದ್ರು!" ಎಂದು ಸೌಮ್ಯಾ ಅಜ್ಜಿಯ ರಟ್ಟೆ ಹಿಡಿದು ಎಳೆಯುವಷ್ಟರಲ್ಲಿ ಸೈಕಲ್ಲುಗಳ ಹಿಂಡು ತಿರುವಿಗೆ ಬಂದೇಬಿಟ್ಟಿತು. ಬ್ರೇಕಿನ ಕಿರುಗುಟ್ಟುವ ಸದ್ದು, ಗೇರು ಬದಲಿಸುವ ಕಟಕಟ, ಕಾದ ರಬ್ಬರಿನ ವಾಸನೆ. ಬಣ್ಣಬಣ್ಣದ ಬೆನ್ನುಗಳು ಒಟ್ಟಿಗೇ ಒಂದು ಕಡೆ ವಾಲಿ, ಒಟ್ಟಿಗೇ ನೆಟ್ಟಗಾಗಿ, ಹಳೆಯ ಬ್ಯಾಂಕಿನ ಕಲ್ಲುಕಟ್ಟಡದ ಹಿಂದೆ ಮರೆಯಾದವು. ಬ್ಯಾರಿಕೇಡಿನ ಆಚೆಗೆ ಚಾಚಿದ ರಾಚವ್ವನ ಕೈ ಗಾಳಿಯಲ್ಲೇ ಉಳಿಯಿತು. ಆ ಕೈಯಲ್ಲಿ ಮಜ್ಜಿಗೆ ತುಂಬಿದ ಪ್ಲಾಸ್ಟಿಕ್ ಬಾಟಲಿ ಇತ್ತು.

"ಎಲ್ಲಿದ್ದ ಅಂವಾ? ನೀಲಿ ಅಂಗಿ ನನಗ ಕಾಣ್ಲೇ ಇಲ್ಲಲ್ಲ?"

"ನಡುವ ಇದ್ದ ಆಯಿ. ಇನ್ನೂ ಭಾಳ ಲ್ಯಾಪ್ ಅದಾವ. ಟೆನ್ಶನ್ ತುಗೋಬ್ಯಾಡ."

"ನನಗ್ಯಾತರ ಟೆನ್ಶನ್? ಮಜ್ಜಿಗಿ ಬಿಸಿ ಆಗ್ತದ, ಅದಕ್ಕ ಹೇಳ್ದೆ."

ಪಕ್ಕದಲ್ಲಿ ನಿಂತಿದ್ದ ಧನರಾಜ್ ನಕ್ಕ. ಅವನು ಪುಣೆಯಿಂದ ಗೆಳೆಯರ ಜೊತೆ ಬಂದಿದ್ದ. ಅವರೆಲ್ಲರ ಟೀ ಶರ್ಟಿನ ಮೇಲೆ ಅಮೋಲ್ ಎಂಬ ಸವಾರನ ಹೆಸರಿತ್ತು. ಬೆಳಗಿನಿಂದ ಸ್ಟೀಲ್ ತಟ್ಟೆಯೊಂದನ್ನು ಚಮಚದಿಂದ ಬಾರಿಸಿ ಬಾರಿಸಿ ತಟ್ಟೆ ತಗ್ಗುಬಿದ್ದಿತ್ತು. "ಆಯೀ, ಹಮಾರೇ ಅಮೋಲ್ ಕೋ ಭೀ ಪಿಲಾವ್ ನಾ. ವೋ ಭೀ ಕಿಸೀ ಕಾ ಬಚ್ಚಾ ಹೈ," ಎಂದ.

ರಾಚವ್ವನಿಗೆ ಹಿಂದಿ ಅರ್ಥವಾಗುತ್ತಿರಲಿಲ್ಲ. ನಮ್ಮ ಅಮೋಲನಿಗೂ ಕುಡಿಸು, ಅವನೂ ಯಾರದೋ ಮಗನೇ ಅನ್ನುತ್ತಾನೆಂದು ಸೌಮ್ಯಾ ಹೇಳಿದಾಗ ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಅಂವಗ ಅವರವ್ವ ಬಂದು ಕುಡಸ್ಲಿ ಅಂತ ಹೇಳು," ಎಂದಳು.

ಆ ವಾರವಿಡೀ ನಡೆದ ರೇಸಿನ ಕೊನೆಯ ದಿನ ಅದು. ನಾಸಿಕದಲ್ಲಿ ಶುರುವಾಗಿ ದಿನಕ್ಕೊಂದು ಹಂತದಂತೆ ಘಟ್ಟಗಳನ್ನು ಹತ್ತಿಳಿದು, ರವಿವಾರದ ಹೊತ್ತಿಗೆ ಚರ್ಚ್‌ಗೇಟಿನ ಬಳಿಯ ಫೋರ್ಟ್ ಬಡಾವಣೆಗೆ ಬಂದು, ಖಾಲಿ ಆಫೀಸುಗಳ ನಡುವಿನ ಬೀದಿಗಳಲ್ಲಿ ಗರಗರ ಸುತ್ತಿ ಮುಗಿಯಬೇಕಾಗಿತ್ತು. ಗೆಲ್ಲುವವರು ಪರದೇಶದವರೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ನಮ್ಮ ದೇಶದವರಲ್ಲಿ ಮುಂದಿರುವವನಿಗೆ ಒಂದು ನೀಲಿ ಜರ್ಸಿ ಇತ್ತು. ಕೊನೆಯ ದಿನ ಅದು ಯಾರ ಮೈಮೇಲೆ ಉಳಿಯುತ್ತದೋ ಅವನಿಗೆ ಬೆಲ್ಜಿಯಂ ದೇಶದ ತಂಡವೊಂದರಲ್ಲಿ ವರ್ಷದ ಜಾಗ. ಎರಡು ದಿನಗಳಿಂದ ಅದು ಯಲ್ಲಾಲಿಂಗನ ಮೈಮೇಲಿತ್ತು. ಎಲ್ಲ ದಿನಗಳ ಒಟ್ಟು ಸಮಯದಲ್ಲಿ ಅವನ ಹಿಂದೆ ಹನ್ನೊಂದು ಸೆಕೆಂಡಿನ ಅಂತರದಲ್ಲಿ ಅಮೋಲ್ ಇದ್ದ.

ವಿಜಯಪುರದ ಸೈಕ್ಲಿಂಗ್ ಹಾಸ್ಟೆಲಿನಲ್ಲಿ ಯಲ್ಲಾಲಿಂಗ ಬೆಳೆದಷ್ಟು ಕಾಲವೂ ಅಲ್ಲಿ ರೊಟ್ಟಿ ಬಡಿಯುತ್ತಿದ್ದವಳು ರಾಚವ್ವ. ತಾಯಿಯಿಲ್ಲದ ಹುಡುಗ, ಮೊದಲ ದಿನ ಊಟಕ್ಕೆ ಕರೆದರೂ ಬರದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ. ಹುಡುಗರು ಬೆಳಿಗ್ಗೆ ಸೋಲಾಪುರ ರಸ್ತೆಯಲ್ಲಿ ದೂರ ಹೋಗಿ ತಿರುಗಿ ಬರುವಾಗ ರಾಚವ್ವ ಊರ ಹೊರಗಿನ ತಿರುವಿನಲ್ಲಿ ಕೊಡ ಇಟ್ಟುಕೊಂಡು ನಿಂತಿರುತ್ತಿದ್ದಳು. ಶುಂಠಿ, ಜೀರಿಗೆ, ಕರಿಬೇವು ಅರೆದು ಹಾಕಿದ ಮಜ್ಜಿಗೆ; ಬಾಟಲಿಯ ಮೂತಿಗೆ ಚರಟ ಸಿಕ್ಕಿಕೊಳ್ಳಬಾರದೆಂದು ಪಂಚೆಯಲ್ಲಿ ಸೋಸುತ್ತಿದ್ದಳು. "ತುಗೋ ತಮ್ಮಾ!" ಎಂದು ಕೂಗಿ ಕೈ ಚಾಚಿದರೆ ಹುಡುಗರು ಪೆಡಲು ನಿಲ್ಲಿಸದೆ ಕಸಿದುಕೊಂಡು ಹೋಗುತ್ತಿದ್ದರು. ಹಾಸ್ಟೆಲಿನ ಅಡುಗೆ ಯಾರೋ ಕೇಟರಿಂಗಿನವರ ಕೈಗೆ ಹೋದ ಮೇಲೆ ಮಗಳು ನಾಗರತ್ನಾ ಅವಳನ್ನು ಗೋರೆಗಾಂವಿಗೆ ಕರೆತಂದಿದ್ದಳು. ಇಲ್ಲಿ ಅವಳು ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಕೂತು, ಎದುರಿನ ಬಿಲ್ಡಿಂಗಿನವರು ಒಣಗಿಸಿದ ಬಟ್ಟೆಗಳನ್ನು ನೋಡುತ್ತಿದ್ದಳು. ಮೂರು ಜನರ ಅಡುಗೆಯನ್ನು ನಾಗರತ್ನಾ ತಾನೇ ಮಾಡಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು.

ರೇಸು ಶುರುವಾದ ದಿನದಿಂದ ಮಾತ್ರ ಅವಳಿಗೆ ಸಂಜೆಯಾಗುವುದೇ ತಡವಾಗುತ್ತಿತ್ತು. ವಿಲೆ ಪಾರ್ಲೆಯ ಕೊರಿಯರ್ ಆಫೀಸಿನಿಂದ ಮೊಮ್ಮಗಳು ಬಂದು ಚಪ್ಪಲಿ ಬಿಡುವ ಮೊದಲೇ, "ಎಲ್ಲೀತನ ಬಂದ?" ಎನ್ನುವಳು. ಸೌಮ್ಯಾ ಫೋನಿನಲ್ಲಿ ಕದ್ದುಮುಚ್ಚಿ ನೋಡಿದ್ದನ್ನೆಲ್ಲ ಕಥೆ ಮಾಡಿ ಹೇಳುವಳು. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಇದೇ ಅಜ್ಜಿ ಏಳು ಸಮುದ್ರದ ಆಚೆ, ಏಳು ಬೆಟ್ಟದ ಆಚೆ ಎಂದು ಹೇಳುತ್ತಿದ್ದಳಲ್ಲ, ಅದೇ ಧಾಟಿಯಲ್ಲಿ. ಈಗ ಅಜ್ಜಿ ಹೂಂಗುಟ್ಟುವಳು. ಘಟ್ಟ ಹತ್ತುವಾಗ ಮಂಜಿನೊಳಗಿಂದ ಯಲ್ಲಾಲಿಂಗ ಒಬ್ಬನೇ ಹೊರಬಂದನೆಂದು ಸೌಮ್ಯಾ ಹೇಳಿದಳು; ಆ ದಿನ ಮಂಜು ಇರಲೇ ಇಲ್ಲ. ರಸ್ತೆಬದಿಯಲ್ಲಿ ಜನ ನಿಂತು ಚೀಲ ಕೊಡುತ್ತಾರೆ, ಬಾಟಲಿ ಕೊಡುತ್ತಾರೆ, ಸವಾರರು ಹಾರಿ ಹಿಡಿಯುತ್ತಾರೆ ಎಂದಳು. ಆ ಜನ ಯಾರು, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಕಾಮೆಂಟರಿಯವರು ಬಹಳ ಹೊತ್ತು ಮಾತಾಡಿದ್ದರು. ಕಥೆಗೆ ಬೇಡವಾದದ್ದನ್ನು ಅವಳು ಬಿಟ್ಟುಬಿಡುತ್ತಿದ್ದಳು.

"ಅಂವಗ ಅಲ್ಲಿ ಮಜ್ಜಿಗಿ ಯಾರು ಕೊಡ್ತಾರ?" ಎಂದು ರಾಚವ್ವ ಕೇಳಿದ್ದು ಶನಿವಾರ. ರವಿವಾರ ಹಳಿ ರಿಪೇರಿಯ ಮೆಗಾ ಬ್ಲಾಕ್ ಇದ್ದರೂ ಸ್ಲೋ ಲೋಕಲ್ಲಿನಲ್ಲಿ ತೂಗಾಡುತ್ತ ಚರ್ಚ್‌ಗೇಟಿಗೆ ಬಂದು, ನಡೆದು, ಬೀದಿ ಬೀದಿ ಸುತ್ತಿ, ಈ ಜಾಗವನ್ನು ಅವಳೇ ಆರಿಸಿದ್ದಳು. "ಇಲ್ಲಿ ನಿಂದ್ರೂಣು. ಈ ತಿರುವಿನ್ಯಾಗ ಎಂಥವರೂ ಹಗೂರ ಆಗ್ಲೇಬೇಕು."

ಹಿಂಡು ಮತ್ತೆ ಬಂತು, ಮತ್ತೆ ಹೋಯಿತು. ಫೆಬ್ರವರಿಯ ಬಿಸಿಲು ಡಾಂಬರಿನಿಂದ ಮುಖಕ್ಕೆ ಹೊಡೆಯುತ್ತಿತ್ತು. ಪ್ರತಿ ಸುತ್ತಿನಲ್ಲೂ ರಾಚವ್ವ "ಯಲ್ಲಾಲಿಂಗಾ!" ಎಂದು ಕೂಗಿದಳು, ಪ್ರತಿ ಸುತ್ತಿನಲ್ಲೂ ಧನರಾಜನ ತಟ್ಟೆ ಅದನ್ನು ನುಂಗಿತು. ಕೊನೆಗೆ ಅವಳು ಆ ಚಮಚವನ್ನೇ ಕಿತ್ತುಕೊಂಡು ಸೆರಗಿನಲ್ಲಿ ಸಿಕ್ಕಿಸಿಕೊಂಡಳು. ಸುತ್ತಲಿದ್ದವರು ಹೋ ಎಂದು ನಕ್ಕರು. ಧನರಾಜ್ ಕೈಜೋಡಿಸಿ, "ಏಕ್ ಲ್ಯಾಪ್ ಆಪ್ ಕಾ, ಆಯೀ," ಎಂದು ಒಂದು ಸುತ್ತನ್ನು ಅವಳಿಗೆ ಬಿಟ್ಟುಕೊಟ್ಟ.

ಆ ಸುತ್ತಿನಲ್ಲಿ ಯಲ್ಲಾಲಿಂಗನಿಗೆ ದನಿ ಕೇಳಿಸಿತು. ತಿರುವು ಮುಗಿಸಿ ಹೋಗುತ್ತಿದ್ದವನು ಹೊರಳಿ ನೋಡಿದ. ಬಿಸಿಲಿಗೆ ಕರಕಾದ ಮುಖ, ತುಟಿಯ ಅಂಚಿನಲ್ಲಿ ಬಿಳಿ ಉಪ್ಪು. ಗುರುತು ಹಿಡಿದನೋ ಇಲ್ಲವೋ ತಿಳಿಯುವಷ್ಟರಲ್ಲಿ ಹೋಗಿಬಿಟ್ಟಿದ್ದ.

"ನೋಡ್ದ! ಆಯಿ, ಅಂವಾ ನೋಡ್ದ!"

"ಬಾಯಿ ಒಣಗ್ಯದ ಅವಂದು," ಎಂದಳು ರಾಚವ್ವ.

ಮುಂದಿನ ಸುತ್ತಿಗೆ, ರೇಸು ಮುಗಿಯಲು ಇನ್ನೆರಡೇ ಸುತ್ತು ಇರುವಾಗ, ಅವನು ಹಿಂಡಿನ ನಡುವಿನಿಂದ ಅಂಚಿಗೆ ಬಂದಿದ್ದ. ರಾಚವ್ವ ಬ್ಯಾರಿಕೇಡಿನ ಕೆಳಗಿನ ಸರಳಿನ ಮೇಲೆ ಕಾಲಿಟ್ಟು ಮೇಲೆದ್ದಳು. ಸೌಮ್ಯಾ ಅವಳ ಸೊಂಟ ಹಿಡಿದಳು. "ತುಗೋ ತಮ್ಮಾ!" ಬಾಟಲಿ ಕೈಯಿಂದ ಕೈಗೆ ಹೋಯಿತು. ಒಂದು ಹನಿಯೂ ಚೆಲ್ಲಲಿಲ್ಲ. ತಿರುವಿನ ಆಚೆ ಅವನು ತಲೆ ಎತ್ತಿ ಕುಡಿಯುತ್ತಿರುವುದು ಕ್ಷಣ ಮಾತ್ರ ಕಂಡಿತು. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ಧನರಾಜ್ ಕೂಡ ತಟ್ಟಿದ. ಹಿಂಡಿನ ಬೆನ್ನಿಗೇ ಬರುತ್ತಿದ್ದ ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದ ಬಿಳಿ ಅಂಗಿಯವನು ಕತ್ತು ಹೊರಳಿಸಿ ರಾಚವ್ವನನ್ನು ನೋಡಿದ, ಮುಂದೆ ನೀಲಿ ಜರ್ಸಿಯನ್ನು ನೋಡಿದ, ಕುತ್ತಿಗೆಯ ರೇಡಿಯೋಕ್ಕೆ ಏನೋ ಹೇಳಿದ.

ರಾಚವ್ವ ಕೆಳಗಿಳಿದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗ ಹಿಡದ ನೋಡು. ಮರ್ತಿಲ್ಲ," ಎಂದು ಚಮಚವನ್ನು ಧನರಾಜನಿಗೆ ಹಿಂದಿರುಗಿಸಿದಳು.

ರೇಸು ಮುಗಿದಾಗ ಯಲ್ಲಾಲಿಂಗನೂ ಅಮೋಲನೂ ಒಂದೇ ಗುಂಪಿನಲ್ಲಿ ಗೆರೆ ದಾಟಿದ್ದರು. ಅಂತರ ಇದ್ದಲ್ಲೇ ಇತ್ತು. ಫೋನಿನಲ್ಲಿ ಪಟ್ಟಿ ನೋಡಿ ಸೌಮ್ಯಾ ಅಜ್ಜಿಯನ್ನು ಅಪ್ಪಿಕೊಂಡಳು. ವೇದಿಕೆಯ ಹತ್ತಿರ ಹೋಗಿ ನೋಡೋಣವೆಂದು ಜನರ ನಡುವೆ ನುಸುಳಿಕೊಂಡು ಹೊರಟಾಗ ರಾಚವ್ವ ಎದುರಿಗೆ ಸಿಕ್ಕವರಿಗೆಲ್ಲ ಕನ್ನಡದಲ್ಲೇ, "ನಮ್ಮ ಹುಡುಗ, ನಮ್ಮ ಹುಡುಗ," ಎನ್ನುತ್ತಿದ್ದಳು.

ವೇದಿಕೆಯ ಮೇಲೆ ಹೂಗುಚ್ಛ ತಂದಿಟ್ಟರು. ಪರದೇಶದವರಿಗೆ ಕೊಟ್ಟರು. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಲೌಡ್‌ಸ್ಪೀಕರಿನಲ್ಲಿ ಒಬ್ಬ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಮರಾಠಿಯಲ್ಲಿ ಏನನ್ನೋ ಓದಿದ. ಸೌಮ್ಯಾ ಎರಡು ಸಲವೂ ಕೇಳಿಸಿಕೊಂಡಳು. ಎರಡನೇ ಸಲ ಕೇಳುವಾಗ, ಘಟ್ಟದ ದಿನ ಕಾಮೆಂಟರಿಯವರು ಮಾತಾಡಿದ್ದರಲ್ಲ, ಅದು ಒಂದೊಂದೇ ಶಬ್ದವಾಗಿ ಅವಳ ಕಿವಿಗೆ ಬಂತು.

"ಏನಂದ? ಯಲ್ಲಾಲಿಂಗಂದು ಹೆಸರು ಹೇಳಿದ್ನಲ್ಲ?"

"ಏನಿಲ್ಲ ಆಯಿ. ನಡಿ, ಮನೀಗೆ ಹೋಗೂಣು."

"ಅಂಗಿ ಕೊಡೂದು ನೋಡದ ಹೋಗೂದೇನು?"

ಅಷ್ಟರಲ್ಲಿ ಅಮೋಲ್ ಮೆಟ್ಟಿಲು ಹತ್ತಿದ. ಹೊಸ ನೀಲಿ ಜರ್ಸಿಯನ್ನು ಅವನ ತೋಳುಗಳಿಗೆ ಏರಿಸಿದರು. ಎಲ್ಲೋ ಹಿಂದಿನಿಂದ ತಟ್ಟೆಯ ಸದ್ದು ಜೋರಾಗಿ ಕೇಳಿಬಂತು. ರಾಚವ್ವ ಮೊಮ್ಮಗಳ ಮುಖ ನೋಡಿದಳು. ಸೌಮ್ಯಾ ಅವಳನ್ನು ನೋಡಲಿಲ್ಲ.

ತಂಡದ ವ್ಯಾನುಗಳು ನಿಂತ ಗಲ್ಲಿಯಲ್ಲಿ ನೀಲಕಂಠಪ್ಪ ಸಿಕ್ಕರು. ಹಾಸ್ಟೆಲಿನ ಹಳೆಯ ಕೋಚ್; ಈಗ ಯಲ್ಲಾಲಿಂಗನ ತಂಡದ ಜೊತೆಗಿದ್ದರು. ರಾಚವ್ವನನ್ನು ಕಂಡ ಕೂಡಲೇ ಅವರ ಮುಖ ಬಿಗಿದುಕೊಂಡಿತು.

"ಬಾಟ್ಲಿ ನೀವ ಕೊಟ್ರೇನು ರಾಚವ್ವ? ನಾ ಅಂದ್ಕೊಂಡೆ. ಅವನ ಹತ್ರ ಆ ಮಜ್ಜಿಗಿ ವಾಸನಿ ಬಂತು ನನಗ."

"ಹೌದ್ರಿ. ಬಾಯಿ ಒಣಗಿತ್ತು ಅವಂದು."

"ಕಡೀ ಸುತ್ತುಗಳಾಗ ಹೊರಗಿನವ್ರು ಕೊಟ್ಟಿದ್ದು ಮುಟ್ಟಂಗಿಲ್ಲ. ಮುಟ್ಟಿದ್ರ ಇಪ್ಪತ್ತು ಸೆಕೆಂಡ್ ದಂಡ. ಹೋತು. ಎಲ್ಲಾ ಹೋತು. ಆ ಬೆಲ್ಜಿಯಂದವ್ರು ಈಗ ಅಮೋಲ್‌ನ ಕೈ ಕುಲುಕ್ಲಿಕತ್ತಾರ." ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಇಂವಂದು ವಯಸ್ಸೂ ದಾಟ್ಲಿಕತ್ತದ. ಮುಂದಿನ ವರ್ಷ ಯಾರೂ ಕೇಳೂದಿಲ್ಲ. ಊರಿಗೆ ಹೋಗಿ ಲಾರಿಗೆ ದ್ರಾಕ್ಷಿ ಏರಸೂದ ಮತ್ತ."

ರಾಚವ್ವ ಇದನ್ನೆಲ್ಲ ಒಂದೇ ಸಲಕ್ಕೆ ತಿಳಿದುಕೊಳ್ಳಲಾರದೆ ಬಾಯಿ ತುಸು ತೆರೆದು ನಿಂತಿದ್ದಳು. "ನಾ ಹೊರಗಿನಾಕಿ ಏನ್ರಿ ಸರ್?" ಎಂದಳು.

ನೀಲಕಂಠಪ್ಪ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದ ಯಲ್ಲಾಲಿಂಗನ ಕಡೆ ತಿರುಗಿ, "ನಿನಗರೆ ಗೊತ್ತಿರಲಿಲ್ಲೇನೋ? ಬಚ್ಚಾ ಏನ್ ನೀ?" ಎಂದರು.

"ಕೈ ತಾನ ಹೋತ್ರಿ ಸರ್," ಎಂದ ಅವನು.

ಅವನ ಮೈಮೇಲೆ ಬೆಳಗಿನ ನೀಲಿ ಜರ್ಸಿ ಹಾಗೇ ಇತ್ತು. ಯಾರೂ ಅದನ್ನು ವಾಪಸು ಕೇಳಿರಲಿಲ್ಲ. ಎದ್ದು ಬಂದು ರಾಚವ್ವನ ಎದುರು ನಿಂತ. ಎಷ್ಟೋ ವರ್ಷಗಳ ಮೇಲೆ ಇಷ್ಟು ಹತ್ತಿರದಿಂದ ನೋಡುತ್ತಿದ್ದರು. ಅವನ ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು ಇದ್ದವು. ಬಗ್ಗಿ ಕಾಲು ಮುಟ್ಟುತ್ತಾನೆಂದು ಸೌಮ್ಯಾ ಕಾದಳು.

"ಆಯಿ, ನೀ ಯಾಕ ಬಂದಿ?" ಎಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು. ವ್ಯಾನಿನೊಳಗಿಂದ ಯಾರೋ ಅವನನ್ನು ಕರೆದರು. "ಬರ್ತೀನಿ," ಎಂದು ಅವನು ಮೆಟ್ಟಿಲು ಹತ್ತಿ ಒಳಗೆ ಹೋದ. ಬಾಗಿಲು ಸರಿದು ಮುಚ್ಚಿಕೊಂಡಿತು.

ಸ್ಟೇಷನ್ನಿನ ಕಡೆ ಇಬ್ಬರೂ ನಡೆದರು. ಕೆಲಸದವರು ಬ್ಯಾರಿಕೇಡುಗಳನ್ನು ಟೆಂಪೋಕ್ಕೆ ಎತ್ತಿ ಎಸೆಯುತ್ತಿದ್ದರು. ಬೆಳಗಿನಿಂದ ತಡೆದಿದ್ದ ಟ್ಯಾಕ್ಸಿ, ಬಸ್ಸುಗಳು ಒಮ್ಮೆಗೇ ಹಾರ್ನ್ ಹೊಡೆಯುತ್ತ ರಸ್ತೆಗಿಳಿದವು. ಚರ್ಚ್‌ಗೇಟಿನ ಎದುರಿನ ಸಿಗ್ನಲ್ಲಿಗೆ ಬಂದಾಗ ಸೌಮ್ಯಾ, "ಕೈ ಕೊಡು ಆಯಿ, ಕ್ರಾಸ್ ಮಾಡೂಣು," ಎಂದಳು.

ರಾಚವ್ವ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿ, ಮೇಲೆ ಸೆರಗು ಹೊದ್ದುಕೊಂಡು, ಚಳಿಗೆ ನಿಂತವಳ ಹಾಗೆ ನಿಂತಿದ್ದಳು. ಸಿಗ್ನಲ್ಲು ಹಸಿರಾಯಿತು. ಜನ ಅವರಿಬ್ಬರನ್ನು ಬಳಸಿಕೊಂಡು ಆ ಕಡೆಗೂ ಈ ಕಡೆಗೂ ದಾಟಿದರು. ಮತ್ತೆ ಕೆಂಪಾಯಿತು. ಸೌಮ್ಯಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಕಾಯುತ್ತ ನಿಂತಳು.