ಮೊದಲ ಕಳ್ಳ

ನನ್ನ ಮುಖದಲ್ಲಿ ಕಳ್ಳಕಳೆ ಇದೆ ಎಂದು ಮೊದಲು ಹೇಳಿದವಳು ನಮ್ಮಜ್ಜಿ. ಹುಬ್ಬುಗಳು ನಡುವೆ ಕೂಡಿಕೊಂಡಿವೆ, ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿದೆ. ಹಾಗಾಗಿ ಸುಮ್ಮನೆ ನಿಂತರೂ ಏನೋ ಸಂಚು ಹೂಡುತ್ತಿರುವವನಂತೆ ಕಾಣುತ್ತೇನಂತೆ. ಮನೆಯಲ್ಲಿ ಸಕ್ಕರೆ ಡಬ್ಬಿ ಖಾಲಿಯಾದರೆ ತಿಂದವಳು ಅಕ್ಕ, ಕಿವಿ ಹಿಂಡಿಸಿಕೊಳ್ಳುತ್ತಿದ್ದವನು ನಾನು. ಅಜ್ಜಿಯೇನೋ ಹೋಗಿಬಿಟ್ಟಳು. ಆ ಮಾತನ್ನು ಈಗ ಊರಿನ ಬಾಗಿಲುಗಳೆಲ್ಲ ಹೇಳುತ್ತಿವೆ.

ನಾನು ಲಿಫ್ಟ್ ರಿಪೇರಿ ಮಾಡುವವನು. ಅಂದರೆ ದಿನ ಬೆಳಗಾದರೆ ಪರರ ಕಟ್ಟಡಗಳ ಒಳಗೆ ಹೋಗಬೇಕಾದವನು. ಇದನ್ನು ನೆನಪಿಟ್ಟುಕೊಂಡರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ.

ಅಕ್ಕ ಆ ಕಂಪನಿಗೆ ಸೇರಿದಾಗ ಅದು ಕಂಪನಿಯೇ ಆಗಿರಲಿಲ್ಲ. ಲಾಂಡ್ರಿಯೊಂದರ ಮೇಲಿನ ಕೋಣೆ. ಕೆಳಗಿನ ಇಸ್ತ್ರಿಯ ಹಬೆ ಮೇಲೆ ಬಂದು ಕಿಟಕಿ ಗಾಜೆಲ್ಲ ಸದಾ ಮಸುಕಾಗಿರುತ್ತಿತ್ತು. ಯಜಮಾನ ಎಂದರೆ ದಪ್ಪ ಕನ್ನಡಕದ ಒಬ್ಬ ಹುಡುಗ. ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು, ಅವನೂ ಬೇಜಾರಿಲ್ಲದೆ ಓಗೊಡುತ್ತಿದ್ದ. ಅಕ್ಕನ ಕೆಲಸ ಇಷ್ಟೇ: ಕಂಪ್ಯೂಟರಿನಲ್ಲಿ ಬರುವ ಚಿತ್ರಗಳಲ್ಲಿ ಮುಖ ಎಲ್ಲಿದೆಯೋ ಅಲ್ಲೊಂದು ಚೌಕ ಎಳೆದು, ಅದು ಎಂಥವರ ಮುಖ ಎಂದು ಯಂತ್ರಕ್ಕೆ ಹೇಳಿಕೊಡುವುದು.

“ಮಗೂಗೆ ಇದು ಕಾಗೆ, ಇದು ಗುಬ್ಬಿ ಅಂತ ತೋರಿಸ್ತೀವಲ್ಲ, ಹಾಗೇ ಕಣೋ” ಎಂದಿದ್ದಳು.

ಆ ಮಗು ಬೆಳೆದು ದೊಡ್ಡದಾಗಿ ಬಾಗಿಲುಗಳ ಪಕ್ಕದಲ್ಲಿ ಗಾಜಿನ ಕಣ್ಣಾಗಿ ಕೂರಬೇಕು, ಮುಖ ನೋಡಿದ ಕೂಡಲೇ ಒಳಗೆ ಬರಬಹುದಾದವರಿಗೆ ಹಸಿರು ದೀಪ, ಬರಬಾರದವರಿಗೆ ಕೆಂಪು ದೀಪ ತೋರಿಸಬೇಕು. ಇದು ಕನ್ನಡಕನ ಕನಸು. ಬರಬಹುದಾದವರ ಮುಖಗಳು ಬೇಕಾದಷ್ಟು ಸಿಕ್ಕವು. ಬರಬಾರದವರ ಮುಖಕ್ಕೇ ಬರಗಾಲ. ಕಳ್ಳರು ಫೋಟೋ ತೆಗೆಸಿಕೊಳ್ಳಲು ಸಾಲು ನಿಲ್ಲುತ್ತಾರೆಯೇ? ಅಷ್ಟರಲ್ಲಿ ದೊಡ್ಡ ಗಿರಾಕಿಯೊಬ್ಬ ಯಂತ್ರ ನೋಡಲು ಬರುತ್ತೇನೆಂದ. ಕೋಣೆಯಲ್ಲಿ ಯಾರಿಗೂ ಕೈಕಾಲು ಆಡದ ಆ ಹೊತ್ತಿನಲ್ಲೇ ನಾನು, ಅಕ್ಕ ಮರೆತು ಹೋಗಿದ್ದ ಊಟದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ.

ಕನ್ನಡಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಬ್ರದರ್, ಸ್ವಲ್ಪ ಕಳ್ಳನ ಥರ ನೋಡ್ತೀರಾ?”

“ನಾನು ನೋಡೋದೇ ಹೀಗಪ್ಪ” ಎಂದೆ.

ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು. ಆಮೇಲೆ ಒಂದು ವಾರ ಕೆಲಸ ಮುಗಿಸಿ ಅಲ್ಲಿಗೇ ಹೋಗುತ್ತಿದ್ದೆ. ಟೋಪಿ ಹಾಕಿ, ಟೋಪಿ ತೆಗೆದು, ಗಡ್ಡ ಬಿಟ್ಟು, ಗಡ್ಡ ಬೋಳಿಸಿ, ಮುಖಕ್ಕೆ ಕರವಸ್ತ್ರ ಕಟ್ಟಿ, ಬಗ್ಗಿ, ಓಡಿ, ಬಾಗಿಲ ಸಂದಿಯಿಂದ ಇಣುಕಿ ಫೋಟೋ ತೆಗೆಸಿಕೊಂಡೆ. ಬೇರೆ ಕಳ್ಳರಿಲ್ಲದ ಆ ಕಂಪನಿಗೆ ನಾನೊಬ್ಬನೇ ನೂರು ಕಳ್ಳರಾದೆ. ಅಕ್ಕ ನಗುತ್ತ ನಗುತ್ತಲೇ ಪ್ರತಿಯೊಂದು ಫೋಟೋದ ಮೇಲೂ ಚೌಕ ಎಳೆದು ‘ಸಂಶಯ’ ಎಂದು ಗುರುತು ಹಾಕಿದಳು.

ಗಿರಾಕಿ ಬಂದ ದಿನ ಬಾಗಿಲು ಎಲ್ಲರಿಗೂ ಹಸಿರು ತೋರಿಸಿ ತೆರೆದುಕೊಂಡಿತು. ಕೊನೆಗೆ ನಾನು ಹೋದೆ. ಕೆಂಪು ದೀಪ, ಜೊತೆಗೆ ಕರ್ಕಶವಾದ ಗಂಟೆ. ನಾನು ಸುಮ್ಮನಿರಲಾರದೆ ಎರಡೂ ಕೈ ಮೇಲೆತ್ತಿ, ಕಣ್ಣು ಅರಳಿಸಿ, ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತೆ. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ, ಎಲ್ಲರೂ ಚಪ್ಪಾಳೆ ತಟ್ಟಿದರು, ಕನ್ನಡಕ ನನ್ನನ್ನು ತಬ್ಬಿಕೊಂಡ. ಸುಳ್ಳೇಕೆ ಹೇಳಲಿ, ಆ ಚಪ್ಪಾಳೆ ನನಗೆ ಬಹಳ ಹಿಡಿಸಿತ್ತು. ಜೀವಮಾನದಲ್ಲಿ ಈ ಮುಖ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಅಲ್ಲಿಂದ ಕಂಪನಿ ಹಿಂತಿರುಗಿ ನೋಡಲಿಲ್ಲ. ಲಾಂಡ್ರಿಯ ಮೇಲಿನಿಂದ ದೊಡ್ಡ ರಸ್ತೆಗೆ, ಅಲ್ಲಿಂದ ಮುಂದೆ ಕಾರಂಜಿಯಿರುವ ಗಾಜಿನ ಕಟ್ಟಡಕ್ಕೆ ಹೋಯಿತು. ಬ್ಯಾಂಕು, ಆಸ್ಪತ್ರೆ, ಗೋದಾಮು, ವಸತಿ ಕಟ್ಟಡ, ಎಲ್ಲೆಡೆ ಬಾಗಿಲ ಪಕ್ಕ ಆ ಕಣ್ಣು ಕೂತಿತು. ಅಕ್ಕನ ಕೈಕೆಳಗೆ ಒಂದು ವಿಭಾಗವೇ ಬಂತು. ಕನ್ನಡಕ ಎಂದು ಕರೆಯುತ್ತಿದ್ದವಳು ಮನೆಯಲ್ಲಿ ಮಾತಾಡುವಾಗಲೂ ಸರ್ ಎನ್ನತೊಡಗಿದಳು. ಅದೇ ಸಮಯಕ್ಕೆ ಅವಳಿಗೆ ಮಗಳು ಹುಟ್ಟಿದಳು, ಪುಟ್ಟಿ. ಭಾವ ಹಡಗಿನಲ್ಲಿ ಕೆಲಸ ಮಾಡುವವರು, ಮನೆಗೆ ನೆಂಟರಂತೆ ಬಂದು ಹೋಗುತ್ತಾರೆ. ಹಾಗಾಗಿ ಪುಟ್ಟಿ ಬೆಳೆದದ್ದು ನನ್ನ ಹೆಗಲ ಮೇಲೆಯೇ. ಅವಳನ್ನು ನೋಡಲು ಬಂದವರೆಲ್ಲ ಒಂದೇ ರಾಗ ಹಾಡಿದರು: ಥೇಟ್ ಸೋದರಮಾವನ ಪಡಿಯಚ್ಚು! ಆ ಕೂಡು ಹುಬ್ಬು, ಆ ಇಳಿದ ರೆಪ್ಪೆ. ನಾನು ಹಿಗ್ಗಿ ಹೀರೇಕಾಯಿಯಾದೆ.

ಕಂಪನಿ ಅಕ್ಕನ ಮನೆ ಬಾಗಿಲಿಗೂ ಒಂದು ಕಣ್ಣು ಕೊಟ್ಟಿತ್ತು. ನಾನು ಹೋದಾಗಲೆಲ್ಲ ಕೆಂಪು. ಒಳಗಿನಿಂದ ಪುಟ್ಟಿ “ಕಳ್ಳಮಾವ ಬಂದ! ಕಳ್ಳಮಾವ, ಕೈ ಮೇಲೆ!” ಎಂದು ಕೂಗುವಳು. ನಾನು ಎರಡೂ ಕೈ ಎತ್ತಿ ಕಣ್ಣು ಅರಳಿಸಬೇಕು. ಆಮೇಲೆಯೇ ಅವಳು ಚಪ್ಪಾಳೆ ತಟ್ಟಿ ಚಿಲಕ ತೆಗೆಯುವುದು. ಇದು ನಮ್ಮಿಬ್ಬರ ಆಟ. ಅಕ್ಕ ಮನೆಯ ಕಣ್ಣಿಗೆ, ಇವನು ನಮ್ಮವನು, ಬಿಡು ಎಂದು ಹೇಳಿಕೊಟ್ಟಳು. ಕಂಪನಿಯಿಂದ ಹೊಸ ಅಪ್‌ಡೇಟ್ ಬಂದಾಗ ಅದು ಮರೆತುಬಿಟ್ಟಿತು. ಮತ್ತೆ ಹೇಳಿಕೊಟ್ಟಳು, ಮತ್ತೆ ಮರೆಯಿತು. ಪುಟ್ಟಿಗಂತೂ ಖುಷಿಯೋ ಖುಷಿ.

ಹೊರಗಿನ ಕಟ್ಟಡಗಳಲ್ಲಿ ಕೆಂಪು ಬಂದಾಗ ಮೊದಮೊದಲು ನಾನೂ ನಗುತ್ತಿದ್ದೆ. ಕಾವಲಿನವರು ನಮ್ಮವರೇ, ವರ್ಷಗಟ್ಟಲೆ ಮುಖ ಪರಿಚಯ. ಏನಪ್ಪಾ, ಇವತ್ತು ಏನು ಕದ್ದೆ ಎಂದು ರೇಗಿಸಿ ಒಳಗೆ ಬಿಡುತ್ತಿದ್ದರು. ಆಮೇಲೆ ಕಣ್ಣೊಂದಿದ್ದರೆ ಸಾಕು, ಇವರೇಕೆ ದಂಡಕ್ಕೆ ಎಂದು ಕಟ್ಟಡದವರು ಕಾವಲಿನವರನ್ನು ಮನೆಗೆ ಕಳಿಸಿದರು. ಕಾವಲಿನವನಾದರೆ ಕೈ ಮುಗಿಯಬಹುದು, ಜಗಳವಾಡಬಹುದು, ಒಂದು ಸಿಗರೇಟು ಕೊಟ್ಟು ಒಲಿಸಿಕೊಳ್ಳಬಹುದು. ಬಟನ್ನಿನಷ್ಟು ಗಾಜಿನ ಎದುರು ಏನು ಮಾಡುವುದು? ನಾನು ಗಡ್ಡ ಬಿಟ್ಟು ನೋಡಿದೆ. ಮುಖಕ್ಕೆ ಮಾಸ್ಕ್ ಹಾಕಿ ನೋಡಿದೆ. ಅದಕ್ಕೆ ನನ್ನ ಎಲ್ಲ ವೇಷವೂ ಗೊತ್ತಿತ್ತು, ಲಾಂಡ್ರಿಯ ಮೇಲೆ ನಾನೇ ಹಾಕಿ ತೋರಿಸಿದವಲ್ಲವೇ.

ಒಂದು ಮಧ್ಯಾಹ್ನ ಎತ್ತರದ ವಸತಿ ಕಟ್ಟಡವೊಂದರ ಲಿಫ್ಟಿನಲ್ಲಿ ಮುದುಕರೊಬ್ಬರು ಸಿಕ್ಕಿಕೊಂಡರು. ಲಿಫ್ಟಿನೊಳಗೆ ಅಂಟಿಸಿರುವ ನಂಬರು ನನ್ನದೇ, ಅಲ್ಲಿಂದಲೇ ಫೋನ್ ಮಾಡಿದರು. ನಾನು ಬಿದ್ದಂಬೀಳ ಓಡಿದೆ. ಕೆಂಪು. ಬಾಗಿಲು ಬಡಿದೆ, ಕೂಗಿದೆ. ಒಳಗಿದ್ದ ಹೆಂಗಸೊಬ್ಬಳು ಕೆಂಪು ದೀಪ ನೋಡಿ, ನನ್ನ ಕೈಯಲ್ಲಿದ್ದ ಸ್ಪ್ಯಾನರ್ ನೋಡಿ, ಮಗುವನ್ನು ಎಳೆದುಕೊಂಡು ಮೆಟ್ಟಿಲು ಹತ್ತಿದಳು.

ಫೋನು ಮತ್ತೆ ಬಂತು. “ಎಲ್ಲಿದ್ದೀಯಪ್ಪಾ?”

“ಬಾಗಿಲಲ್ಲೇ ಇದ್ದೀನಿ ಸಾರ್.”

“ಹಾಗಾದ್ರೆ ಬಾಪ್ಪಾ. ಉಸಿರು ಕಟ್ತಾ ಇದೆ.”

“ಬಂದೆ ಸಾರ್. ಗಾಬರಿಯಾಗಬೇಡಿ, ಕೂತ್ಕೊಳ್ಳಿ.”

ಹೀಗೆ ಬಂದೆ ಬಂದೆ ಎನ್ನುತ್ತ ನಿಂತಲ್ಲೇ ನಿಂತಿದ್ದೆ. ಬೇರೆ ಮೆಕ್ಯಾನಿಕ್ ಊರಿನ ಆ ತುದಿಯಿಂದ ಬರಬೇಕಾಯಿತು. ಅವನಿಗೆ ಹಸಿರು. ಮುದುಕರನ್ನು ಸ್ಟ್ರೆಚರಿನಲ್ಲಿ ಹೊರಗೆ ತಂದರು. ಪುಣ್ಯಕ್ಕೆ ಜೀವವಿತ್ತು, ಆದರೆ ಪ್ಯಾಂಟು ಒದ್ದೆಯಾಗಿತ್ತು. ಅವರು ನನ್ನ ದನಿ ಗುರುತು ಹಿಡಿದು, ಇಷ್ಟು ಹೊತ್ತೂ ಇಲ್ಲೇ ಇದ್ದೆಯಾ ಎಂದು ಕೇಳಿ ಮುಖ ತಿರುಗಿಸಿಕೊಂಡರು. ನನಗೆ ಅಳು ಬಂತು. ಮರುದಿನ ನಮ್ಮ ಮಾಲೀಕರು ನನ್ನನ್ನು ಶೆಡ್ಡಿಗೆ ಹಾಕಿದರು. ಈಗ ನನ್ನ ಕೆಲಸ ಹಳೇ ಮೋಟಾರುಗಳಿಗೆ ಗ್ರೀಸ್ ಹಚ್ಚುವುದು.

ಅದೇ ವಾರ ಕನ್ನಡಕನನ್ನು ಕಾಣಲು ಗಾಜಿನ ಕಟ್ಟಡಕ್ಕೆ ಹೋದೆ. ಅಲ್ಲಿಯೂ ಕೆಂಪು ಎಂದು ಬೇರೆ ಹೇಳಬೇಕೇ? ಪಾಪ, ಅವನೇ ಕೆಳಗಿಳಿದು ಬಂದ, ಹಿಂದೆ ಅಕ್ಕ. ಫುಟ್‌ಪಾತಿನ ಮೇಲೆ ನಿಂತೇ ಮಾತಾಡಿದೆವು. ನೀನು ಎಂದು ಕರೆಯಲು ಬಾಯಿ ತೆರೆದವನು ನೀವು ಎಂದೆ.

“ಬ್ರದರ್, ನಿಮ್ಮ ಫೋಟೋಗಳನ್ನ ಯಾವತ್ತೋ ಅಳಿಸಿದೀವಿ. ಒಂದೂ ಉಳಿದಿಲ್ಲ, ಆಣೆ” ಎಂದ.

“ಮತ್ತೆ ಕೆಂಪು ಯಾಕೆ ಬರುತ್ತೆ?”

ಅವನು ಕನ್ನಡಕ ತೆಗೆದು ಒರೆಸಿದ. ಹೇಳಲು ಹೋಗಿ ಅಕ್ಕನ ಮುಖ ನೋಡಿದ.

ಅಕ್ಕ ಹೇಳಿದಳು: “ಹಾಲಿಗೆ ಹೆಪ್ಪು ಹಾಕ್ತೀವಲ್ಲೋ. ಮೊಸರಾದ ಮೇಲೆ ಆ ಹೆಪ್ಪು ತೆಗಿ ಅಂದ್ರೆ ಎಲ್ಲಿಂದ ತೆಗಿಯೋದು? ಇವತ್ತಿನ ಮೊಸರಿಂದ ನಾಳೆಗೆ, ನಾಳೇದ್ರಿಂದ ನಾಡಿದ್ದಿಗೆ. ಮೊದಲನೇ ಹನಿ ನೀನು.”

“ಹಾಗಾದ್ರೆ ಎಲ್ಲಾ ಚೆಲ್ಲಿ ಹೊಸದಾಗಿ ಮಾಡಿ.”

ಅಕ್ಕ ತಿರುಗಿ ಕಟ್ಟಡದ ಕಡೆ ನೋಡಿದಳು. ಅವರ ಹಿಂದೆ ಒಂದೊಂದು ಮಹಡಿಯಲ್ಲೂ ತಲೆಗಳು ಕಾಣುತ್ತಿದ್ದವು, ಅಷ್ಟೂ ಜನರ ಊಟ ಆ ಮೊಸರಿನಲ್ಲಿತ್ತು. ಯಾವ ಕಟ್ಟಡಕ್ಕೆ ಹೋಗಬೇಕೋ ಅವರಿಗೆ ಮೊದಲೇ ಹೇಳಿ, ಒಬ್ಬೊಬ್ಬರೇ ನಿಮ್ಮನ್ನು ಸೇರಿಸಿಕೊಳ್ಳಬಹುದು ಎಂದ ಕನ್ನಡಕ. ಅಪ್‌ಡೇಟ್ ಬಂದಾಗ ಮರೆಯುತ್ತದಲ್ಲ ಎಂದೆ. ಹೌದು ಎಂದ. ಅದು ಹೇಗೆ ಯೋಚಿಸುತ್ತದೆ ಎಂಬುದು ತಮಗೂ ಪೂರ್ತಿ ತಿಳಿಯುವುದಿಲ್ಲ ಎಂದ. ಅವನು ಕೆಟ್ಟವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಕಾಲರ್ ಹಿಡಿದು ನಾಲ್ಕು ಬಾರಿಸಿ ಮನೆಗೆ ಹೋಗುತ್ತಿದ್ದೆ. ಅವನ ಕಣ್ಣಲ್ಲಿ ನೀರಿತ್ತು. ಆ ನೀರನ್ನು ನಾನು ಏನು ಮಾಡಲಿ?

ಇಷ್ಟಾದರೂ ಒಂದು ಸಮಾಧಾನವಿತ್ತು. ನನ್ನದು ಹೇಗೂ ಅರ್ಧ ಆಯಸ್ಸು ಮುಗಿದಿದೆ, ಶೆಡ್ಡಿನಲ್ಲಿ ಗ್ರೀಸು ಬಳಿದುಕೊಂಡು ಕಳೆದುಬಿಡುತ್ತೇನೆ, ನನ್ನೊಂದಿಗೆ ಇದು ಮುಗಿಯಿತು ಎಂದುಕೊಂಡಿದ್ದೆ.

ಪುಟ್ಟಿಯನ್ನು ಶಾಲೆಗೆ ಸೇರಿಸುವ ದಿನ ಬಂತು. ಬೆಳಿಗ್ಗೆ ನಾನು ಹೋದಾಗ ಅಕ್ಕ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕತ್ತರಿ ಹಿಡಿದು ಮುಂಗೂದಲು ಕತ್ತರಿಸುತ್ತಿದ್ದಳು. ಕೂದಲು ಹುಬ್ಬಿನ ಕೆಳಗಿನವರೆಗೂ ಇಳಿದು ಮಗುವಿಗೆ ಮುಂದೆ ಏನೂ ಕಾಣುವಂತಿರಲಿಲ್ಲ.

“ಇದೇನಕ್ಕಾ, ಕುದುರೆ ಮರಿ ಥರ ಮಾಡಿಬಿಟ್ಟೆ?” ಎಂದು ನಕ್ಕೆ.

“ಚೆನ್ನಾಗಿ ಕಾಣುತ್ತೆ, ಬಿಡೋ” ಎಂದಳು. ಬಾಚಣಿಗೆಯಿಂದ ಕೂದಲನ್ನು ಮತ್ತೆ ಮತ್ತೆ ಹುಬ್ಬಿನ ಮೇಲೆ ಎಳೆದು ಕೂರಿಸಿದಳು. ಮೊದಲ ದಿನವಲ್ಲವೇ, ಹೆತ್ತ ಕರುಳು ಎಂದುಕೊಂಡೆ.

ಶಾಲೆಯ ಗೇಟಿನ ಕಂಬದಲ್ಲಿ ಕಣ್ಣಿತ್ತು. ಹೊಸ ಮಕ್ಕಳು ಒಳಗೆ ಹೋದ ಮೇಲೆಯೇ ಅವರ ಫೋಟೋ ತೆಗೆಯುತ್ತಾರಂತೆ. ಅಲ್ಲಿಯವರೆಗೆ ಸಂಶಯ ಬಂದವರನ್ನಷ್ಟೇ ಅದು ತಡೆಯುತ್ತದೆ. ನಾನು ಬುದ್ಧಿವಂತನಂತೆ ರಸ್ತೆಯ ಆಚೆ ಬದಿಯಲ್ಲೇ ನಿಂತೆ. ಮಕ್ಕಳು ಒಬ್ಬೊಬ್ಬರಾಗಿ ಹೋದರು. ಹಸಿರು, ಹಸಿರು, ಹಸಿರು. ಪುಟ್ಟಿಯ ಸರದಿ ಬಂತು. ಇಷ್ಟು ದಿನ ಬಾಗಿಲುಗಳನ್ನು ಅಮ್ಮನ ಸೊಂಟದ ಮೇಲೆ ಕೂತೇ ದಾಟಿದವಳು ಮೊದಲ ಸಲ ಒಬ್ಬಳೇ ಕಣ್ಣಿನೆದುರು ನಿಂತಳು. ಎದುರಿಗೆ ಏನೂ ಕಾಣದೆ ಅವಳು ಕೂದಲನ್ನು ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿ ಆ ಗಾಜಿನತ್ತ ತಲೆಯೆತ್ತಿ ನೋಡಿದಳು.

ಕೆಂಪು ದೀಪ ಹತ್ತಿತು. ಅದೇ ಕರ್ಕಶ ಗಂಟೆ.

ಅಕ್ಕನ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು. ಆ ಮುಂಗೂದಲು ಹುಬ್ಬು ಮುಚ್ಚುವಂತೆ ಯಾಕೆ ಇಳಿದಿತ್ತೆಂದು ನನಗೆ ಆಗ ತಿಳಿಯಿತು. ಅವಳಿಗೆ ಮೊದಲೇ ಗೊತ್ತಿತ್ತು. ಇಡೀ ವಿಭಾಗ ಅವಳ ಕೈಕೆಳಗಿದ್ದರೂ ಮಗಳಿಗಾಗಿ ಅವಳಿಂದ ಮಾಡಲು ಆದದ್ದು ಒಂದು ಹಿಡಿ ಕೂದಲು ಕತ್ತರಿಸುವುದಷ್ಟೇ.

ಟೀಚರಮ್ಮ ಏನೋ ದೋಷವಿರಬೇಕು ಎನ್ನುತ್ತ ಗೇಟಿನ ಕಡೆ ಬಂದರು. ಈ ಗೇಟನ್ನು ಹೇಗಾದರೂ ತೆಗೆಸಿಯೇವು. ಇದರಾಚೆ ಕಾಲೇಜಿದೆ, ಕೆಲಸದ ಜಾಗವಿದೆ, ಆಸ್ಪತ್ರೆಯಿದೆ. ಸಾಲಿನಲ್ಲಿದ್ದ ತಾಯಂದಿರು ತಮ್ಮ ಮಕ್ಕಳನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡರು.

ಪುಟ್ಟಿ ಮಾತ್ರ ಹೆದರಲಿಲ್ಲ. ಹೆದರಬೇಕೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು? ರಸ್ತೆಯಾಚೆ ನನ್ನನ್ನು ಹುಡುಕಿ, ಮುಖವೆಲ್ಲ ನಗುವಾಗಿ ಕೂಗಿದಳು:

“ಮಾವಾ! ನಾನೂ ಕಳ್ಳಿ!”

ಎರಡೂ ಕೈ ಮೇಲೆತ್ತಿ, ಕಣ್ಣು ಅರಳಿಸಿ, ನಾನು ಕಲಿಸಿದ ಹಾಗೆಯೇ ನಿಂತಳು. ಚಪ್ಪಾಳೆಗೆ ಕಾಯುತ್ತಿದ್ದಳು. ನನ್ನ ಕೈಗಳು ಒಂದಕ್ಕೊಂದು ತಾಗಲಿಲ್ಲ. ಅವಳ ನಗು ಮೆಲ್ಲಗೆ ಮಾಸತೊಡಗಿತು, ಅದನ್ನು ನೋಡಲಾಗದೆ ರಸ್ತೆಯ ಈಚೆ ನಾನೂ ಎರಡೂ ಕೈ ಮೇಲೆತ್ತಿದೆ.