ಟೇಪು ನುಂಗಿದ ಸಾಲು

ನಾನು ಒಂದು ಟೇಪ್ ರೆಕಾರ್ಡರ್. ದೊಡ್ಡ ಕಂಪನಿಯ ಹೆಸರು ನನ್ನ ಎದೆಯ ಮೇಲಿಲ್ಲ. ಸೊಲ್ಲಾಪುರದ ಒಂದು ಗಲ್ಲಿಯಲ್ಲಿ ಯಾಸೀನ್ ಮೇಸ್ತ್ರಿ ಎಂಬವರು ಎಲ್ಲಿಂದಲೋ ಮೋಟರು, ಎಲ್ಲಿಂದಲೋ ಸ್ಪೀಕರು ತಂದು, ಕೆಂಪು ಪೆಟ್ಟಿಗೆಯೊಂದರಲ್ಲಿ ಕೂರಿಸಿ ನನ್ನನ್ನು ಹುಟ್ಟಿಸಿದರು. ಕೊನೆಯ ಸ್ಕ್ರೂ ತಿರುಗಿಸಿ, ಕಿವಿಯನ್ನು ನನಗೆ ಒತ್ತಿಹಿಡಿದು, 'ಹೂಂ, ಉಸಿರಾಡ್ತೈತಿ' ಅಂದರು. ನಾನು ಕೇಳಿದ ಮೊದಲ ಮಾತು ಅದು.

ಮೊದಲು ನಾನು ಸೇರಿದ್ದು ಜಮಖಂಡಿಯ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಗೆ. ಬೆಳಗಿನಿಂದ ಸಂಜೆಯವರೆಗೆ ಸಿನಿಮಾ ಹಾಡು, ಮಿರ್ಚಿ ಕರಿಯುವ ಹೊಗೆ, ಬಸ್ಸಿನ ಹಾರ್ನು. ಅಲ್ಲಿ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ನಾನು ನಿಂತರೆ ಮಾತ್ರ ಎಲ್ಲರೂ ತಲೆ ಎತ್ತುತ್ತಿದ್ದರು. ಎರಡು ವರ್ಷದಲ್ಲಿ ನನ್ನ ಕೆಂಪು ಬಣ್ಣ ಕಂದಾಯಿತು. ಅಂಗಡಿಯವನು ಎರಡು ಸ್ಪೀಕರಿನ ಹೊಸ ಸೆಟ್ಟು ತಂದ. ಬನಹಟ್ಟಿಯಿಂದ ಸೀರೆಯ ಗಂಟು ಹೊತ್ತು ಬರುತ್ತಿದ್ದ ನೇಕಾರ ಗುರುಸಿದ್ದಪ್ಪ ನನ್ನನ್ನು ಅಗ್ಗಕ್ಕೆ ಕೊಂಡು ಚೀಲಕ್ಕೆ ಹಾಕಿಕೊಂಡು ಊರಿಗೆ ನಡೆದ.

ಗುರುಸಿದ್ದಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಗ್ಗ. ಅವುಗಳ ಖಟಖಟದಲ್ಲಿ ನನ್ನ ದನಿ ಯಾರಿಗೂ ಕೇಳಿಸಲಿಲ್ಲ. ನಾಲ್ಕು ದಿನ ನೋಡಿ ಆತ ಬೇಸತ್ತು, ಹೆಂಡತಿ ದಾನವ್ವನ ಕೈಗೆ ಕೊಟ್ಟ. 'ಹಿತ್ತಲ ಖೋಲ್ಯಾಗ ಇಟ್ಕೋ. ನಿನಗರs ಕೇಳಸ್ತೈತಿ.'

ದಾನವ್ವ ಹಿಂದಿನ ಕೋಣೆಯಲ್ಲಿ ರಾಟಿಯ ಮುಂದೆ ಕೂತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವಳ ಎದುರಿಗೇ ಗೋಡೆಯ ಮಾಡದಲ್ಲಿ ನನ್ನ ಜಾಗ. ಪಕ್ಕದ ಮನೆಯ ನೀಲವ್ವ ತವರಿನಿಂದ ಒಂದು ಕ್ಯಾಸೆಟ್ ತಂದಳು. ಗಂಡ ತೀರಿಹೋದ ಮೇಲೆ ನೀಲವ್ವ ತವರಿನಿಂದ ತಂದ ವಸ್ತುಗಳು ಎರಡೇ: ಆ ಕ್ಯಾಸೆಟ್ಟು, ಮತ್ತು ಅಪ್ಪ ಬಾರಿಸುತ್ತಿದ್ದ ದಮ್ಮಡಿ.

ಕ್ಯಾಸೆಟ್ಟಿನಲ್ಲಿದ್ದವರು ತತ್ವಪದ ಹಾಡುವ ಅಡವಯ್ಯನವರು. ಮಂದಿ ಅವರನ್ನು ಅಡವಯ್ಯಜ್ಜ ಅನ್ನುತ್ತಿದ್ದರು. ಅದು ಇಂಪಾದ ದನಿಯಲ್ಲ. ಹೊಸ ಕಂಬಳಿಯ ಹಾಗೆ ಮೊದಲು ಚುಚ್ಚುತ್ತಿತ್ತು, ಹೊದ್ದುಕೊಂಡ ಮೇಲೆ ಬಿಡಲು ಮನಸ್ಸಾಗುತ್ತಿರಲಿಲ್ಲ. ಒಂದು ಏಕತಾರಿ, ಕಾಲಿಗೆ ಒಂದು ಗೆಜ್ಜೆ, ಅಷ್ಟೇ. ಮಾತನ್ನು ಎಲ್ಲಿ ಬಿಡಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಗೊತ್ತಿತ್ತು. ಸಾವಿರ ಸಿನಿಮಾ ಹಾಡು ನನ್ನೊಳಗೆ ಹರಿದುಹೋಗಿದ್ದವು. ಒಂದೇ ಒಂದು ತಂತಿಯಿಂದ ಇಡೀ ಮನೆ ತುಂಬಿದ್ದನ್ನು ನಾನು ಕಂಡದ್ದು ಆ ದಿನ. ದಾನವ್ವನ ರಾಟಿ ತಾನಾಗಿ ನಿಂತಿತು.

ಅವಳಿಗೆ ಓದು ಬರುತ್ತಿರಲಿಲ್ಲ. ನನ್ನ ಗುಂಡಿಗಳೇ ಅವಳಿಗೆ ಪಾಟಿ. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು, ಮತ್ತೆ ಕೇಳುವುದು. ಹಾಡನ್ನಷ್ಟೇ ಅಲ್ಲ, ಅಜ್ಜ ಉಸಿರು ತೆಗೆದುಕೊಳ್ಳುವ ಜಾಗವನ್ನೂ ಅವಳು ಕಲಿತಳು. ಮೂರು ವರ್ಷದಲ್ಲಿ ಓಣಿಯ ಐದು ಹೆಣ್ಣುಮಕ್ಕಳು ಸೋಮವಾರ ಮಧ್ಯಾಹ್ನ ಆ ಕೋಣೆಯಲ್ಲಿ ಸೇರಿ ಹಾಡತೊಡಗಿದರು. ನೀಲವ್ವನ ದಮ್ಮಡಿ, ದಾನವ್ವನ ಕೈಯಲ್ಲಿ ತಾಳ. ನನಗೆ ಹೆಮ್ಮೆ. ಮೇಷ್ಟ್ರು ನಾನೇ ಅನ್ನುವಷ್ಟು ಹೆಮ್ಮೆ.

ಆ ಹೆಮ್ಮೆಗೆ ಒಂದು ದಿನ ಪೆಟ್ಟು ಬಿತ್ತು. ನನ್ನ ರಬ್ಬರಿನ ಬೆಲ್ಟು ಸಡಿಲಾಗಿತ್ತು. ಹಕ್ಕಿ ಗೂಡು ಕಟ್ಟುವ ಪದವೊಂದು ನಡೆಯುತ್ತಿದ್ದಾಗ ಟೇಪು ಒಳಗೆ ಸುತ್ತಿಕೊಂಡಿತು. ದಾನವ್ವ ಗಾಬರಿಯಾಗಿ ಎಳೆದಳು. ಗೇಣುದ್ದ ಟೇಪು ಮುದ್ದೆಯಾಗಿತ್ತು. ಅದನ್ನು ಕತ್ತರಿಸಿ ಒಗೆದು, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸಿದಳು. ಹರಿದ ನೂಲು ಜೋಡಿಸುವ ಕೈ, ಚೆನ್ನಾಗಿಯೇ ಜೋಡಿಸಿತು. ಆದರೆ ಪದದ ನಡುವಿನ ಒಂದು ಸಾಲು ಹೋಯಿತು. ಐವರಲ್ಲಿ ಆಮೇಲೆ ಸೇರಿದವರು ಆ ಪದವನ್ನು ಸಾಲಿಲ್ಲದೆಯೇ ಕಲಿತರು. ಹಾಡುತ್ತ ಹಾಡುತ್ತ ದಾನವ್ವನಿಗೂ ನೀಲವ್ವನಿಗೂ ಮರೆತುಹೋಯಿತು.

ಆ ವರ್ಷ ಊರ ಮಠದಿಂದ ಹೇಳಿಕೆ ಬಂತು. ಶ್ರಾವಣದ ಕೊನೆಯ ಸೋಮವಾರ ಸಂಜೆ ಅಡವಯ್ಯಜ್ಜನವರ ಹಾಡು. ಅದಕ್ಕೂ ಮೊದಲು, ಮಧ್ಯಾಹ್ನ, ನೇಕಾರ ಓಣಿಯ ಹೆಣ್ಣುಮಕ್ಕಳ ಭಜನೆ. ಐವರೂ ಕುಣಿದಾಡಿದರು.

ವಾರ ಕಳೆಯುವುದರೊಳಗೆ ಗುರುಸಿದ್ದಪ್ಪ ಪೇಪರು ಹಿಡಿದು ಒಳಗೆ ಬಂದ. ಹೆಂಡತಿ ಸಭೆಯಲ್ಲಿ ಹಾಡುತ್ತಾಳೆಂದು ಕಟ್ಟೆಯ ಮೇಲೆ ಕೂತವರು ಅವನನ್ನು ಛೇಡಿಸಿದ್ದರು. ಈಗ ಅವನಿಗೆ ಒಂದು ಆಸರೆ ಸಿಕ್ಕಿತ್ತು.

'ಕೇಳಿಲ್ಲಿ. ನಿನ್ನ ಅಡವಯ್ಯಜ್ಜ ಹೇಳ್ಯಾರ: ಏಕತಾರಿ, ತಾಳ ಗಂಡಸರ ಕೈಯಾಗ ಇರಬೇಕು. ಹೆಣ್ಣುಮಕ್ಕಳು ಮನ್ಯಾಗ ಹಾಡ್ಕೊಳ್ಳಲಿ. ಸಭಾದಾಗ ಕುಂತು ಹಾಡೂದು ಮರ್ಯಾದಿ ಅಲ್ಲ. ಹಂತಾ ಭಜನಿಗೆ ಶಿವ ಒಲಿಯಂಗಿಲ್ಲ.' ಪೇಪರು ಮಡಚಿದ. 'ನಾ ಹೇಳಿದ್ದಲ್ಲಪಾ. ನಿನ್ನ ಗುರುನs ಹೇಳ್ಯಾರ.'

ದಾನವ್ವ ರಾಟಿಯನ್ನು ಜೋರಾಗಿ ತಿರುವಿದಳು. ಕೈಯಲ್ಲಿನ ನೂಲು ಹರಿಯಿತು.

ನೀಲವ್ವ ಸುಮ್ಮನಿರುವವಳಲ್ಲ. ಬಂದವಳೇ ಕ್ಯಾಸೆಟ್ಟನ್ನು ನನ್ನ ಹೊಟ್ಟೆಯಿಂದ ಕಿತ್ತಳು. 'ನೀರೊಲಿಗೆ ಹಾಕ್ತೀನಿ ಇದನ್ನ. ನನ್ನ ಗಂಡ ಸತ್ತಾಗ ಮೂರು ತಿಂಗಳ ಈ ದನಿ ಕೇಳಿ ಜೀವ ಹಿಡದೇನಿ. ಈಗ ಇವನs ನನ್ನ ಬಾಯಿ ಮುಚ್ಚಸ್ತಾನೇನು?'

ಅಳುತ್ತಿದ್ದಳು. ದಾನವ್ವ ಕ್ಯಾಸೆಟ್ಟನ್ನು ಮೆಲ್ಲಗೆ ಬಿಡಿಸಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಒಂಬತ್ತು ದಿನ ನನ್ನನ್ನು ಯಾರೂ ಮುಟ್ಟಲಿಲ್ಲ. ಅವಳು ರಾಟಿ ತಿರುಗಿಸುವಾಗ ಒಮ್ಮೊಮ್ಮೆ ಕತ್ತೆತ್ತಿ ನನ್ನನ್ನು ನೋಡುತ್ತಿದ್ದಳು, ಜಗಳವಾಡಿದ ನೆಂಟರನ್ನು ನೋಡುವ ಹಾಗೆ. ಆ ಮಾತು ನನ್ನ ಮೂಲಕ ಬಂದದ್ದಲ್ಲ. ಆದರೂ ನಾನು ತಪ್ಪು ಮಾಡಿದವನಂತೆ ಮಾಡದಲ್ಲಿ ಕೂತಿದ್ದೆ.

ಹತ್ತನೆಯ ದಿನ ಕಂಡಿಕೆ ಸುತ್ತುತ್ತಿದ್ದ ದಾನವ್ವನ ಬಾಯಿಂದ ಪದ ತಾನಾಗಿ ಹೊರಟಿತು. ಅವಳಿಗೇ ಗೊತ್ತಾಗದೆ ಎರಡು ಸಾಲು ಹಾಡಿದಳು. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಪದ ಮುಗಿಸಿ, ಎದ್ದು ಹೋಗಿ ನೀಲವ್ವನ ಕೈ ಹಿಡಿದು ಕರೆತಂದಳು.

'ನೋಡವಾ, ಈ ಪದ ಅವರ ಬಾಯಿಂದ ಬಂತು, ಖರೆ. ಮೂರು ವರ್ಷ ಆತು, ನಮ್ಮ ಬಾಯಾಗ ಐತಿ. ಅವರು ವಾಪಸ್ ಕೇಳಿದ್ರೂ ಈಗ ಕೊಡಾಕ ಬರಂಗಿಲ್ಲ.'

'ಮತ್ತ ಆ ಮಾತು?'

'ಆ ಮಾತು ಬ್ಯಾಡ. ಅದನ್ನ ಅವರs ಇಟ್ಕೊಳ್ಳಲಿ.'

ಗುರುಸಿದ್ದಪ್ಪನಿಗೂ ಹೇಳಿದಳು. 'ನಾ ಮಠಕ್ಕ ಹೊಕ್ಕೀನಿ. ನೀವು ಬಂದ್ರ ಚಲೋ, ಬರದಿದ್ರೂ ಹೊಕ್ಕೀನಿ.' ಇಪ್ಪತ್ತು ವರ್ಷದಲ್ಲಿ ಅವಳು ಗಂಡನಿಗೆ ಹಾಗೆ ಮಾತಾಡಿದ್ದನ್ನು ಮಗ್ಗಗಳೂ ಕೇಳಿರಲಿಕ್ಕಿಲ್ಲ. ಅವನು ಮಗ್ಗದ ಮೇಲೆ ಬಗ್ಗಿದ.

ಸೋಮವಾರ ಬಂತು. ದಾನವ್ವ ನನ್ನನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಮಠಕ್ಕೆ ಹೊರಟಳು. ಸಂಜೆ ಅಜ್ಜನ ಹಾಡನ್ನು ತುಂಬಿಕೊಳ್ಳಬೇಕು ಎಂಬ ಆಸೆ. ಹೊಸ ಸೆಲ್ಲು, ಖಾಲಿ ಕ್ಯಾಸೆಟ್ಟು, ಯಾಸೀನ್ ಮೇಸ್ತ್ರಿ ಕೊಟ್ಟ ಕಿವಿ. ಎಲ್ಲ ಸಿದ್ಧವಾಗಿತ್ತು.

ಮಧ್ಯಾಹ್ನ ಐವರೂ ಕಟ್ಟೆಯ ಮೇಲೆ ಕೂತು ಹಾಡಿದರು. ಮೊದಲ ಪದದಲ್ಲಿ ದಾನವ್ವನ ತಾಳ ಎರಡು ಸಲ ತಪ್ಪಿತು. ಎರಡನೆಯದಕ್ಕೆ ನೀಲವ್ವನ ದಮ್ಮಡಿ ಬಿಸಿಯೇರಿತು. ಮೂರನೆಯದು ಹಕ್ಕಿಯ ಪದ.

'ಗಾಳಿಯ ಕೇಳದೆ ಗೂಡು ಕಟ್ಟಿತು ಹಕ್ಕಿ, ಕೊಂಬೆಯ ನಂಬಿತು ನೋಡಣ್ಣ' ಎಂದು ದಾನವ್ವ ಎತ್ತಿಕೊಂಡಳು. 'ಮರಿಗಳು ಮಲಗ್ಯಾವ ನೋಡಣ್ಣ' ಎಂದು ಉಳಿದವರು ಮುಗಿಸಿದರು. ಆಗ ಕಂಬದ ಪಕ್ಕದಿಂದ ಯಾರೋ 'ಆಂ?' ಅಂದರು. ಬಿಳಿ ರುಮಾಲು, ಬಿಳಿ ಗಡ್ಡ, ಹೆಗಲಿಗೆ ಏಕತಾರಿ. ಬಸ್ಸು ಬೇಗ ಬಂದದ್ದರಿಂದ ಅಡವಯ್ಯನವರು ಬಂದು ಸದ್ದಿಲ್ಲದೆ ಕೂತಿದ್ದರು. ಎಲ್ಲರ ತಲೆ ಅತ್ತ ತಿರುಗಿತು. ಬಾಗಿಲ ಬಳಿ ಗುರುಸಿದ್ದಪ್ಪ ನಿಂತಿದ್ದನ್ನು ನಾನು ಚೀಲದ ಬಾಯಿಂದ ಆಗಲೇ ಕಂಡದ್ದು.

ಅಜ್ಜ ಎದ್ದು ಕಟ್ಟೆಯ ಹತ್ತಿರ ಬಂದರು. 'ತಂಗೀ, ನಡುವ ಒಂದು ಸಾಲು ನುಂಗಿದ್ಯಲ್ಲ?'

ದಾನವ್ವ ಎದ್ದು ನಿಂತು ಸೆರಗು ಹೊದ್ದಳು. 'ನಾ ನುಂಗಿಲ್ರಿ ಅಜ್ಜಾರ. ಟೇಪ ನುಂಗಿತ್ರಿ.'

ಸಭೆಯೆಲ್ಲ ನಕ್ಕಿತು. ನಾನು ಚೀಲದೊಳಗೆ ನಾಚಿ ಕುಗ್ಗಿದೆ. ಅಜ್ಜ ನಗಲಿಲ್ಲ. ಸಾಲು ಬಿಟ್ಟುಹೋದ ಪದ ಅವರಿಗೆ ಮುರಿದ ಕಾಲಿನ ಕರುವಿನಂತೆ ಕಂಡಿರಬೇಕು. ಅಲ್ಲೇ ನೆಲದ ಮೇಲೆ ಕೂತು, ಏಕತಾರಿ ಮಿಡಿದು ಹಾಡಿದರು:

'ತೂಗುವ ಕೊಂಬೆಯೆ ತೊಟ್ಟಿಲಾಯಿತು, ಮರಿಗಳು ಮಲಗ್ಯಾವ ನೋಡಣ್ಣ.'

'ಹೇಳು' ಅಂದರು. ದಾನವ್ವ ಹೇಳಿದಳು. 'ತೂಗುವ ಅನ್ನೂಮುಂದ ದನಿ ತೂಗಬೇಕು. ನಿಂದು ನಿಂತs ಬಿಡ್ತು. ಮತ್ತ ಹೇಳು.' ಏಳು ಸಲ ಹೇಳಿಸಿದರು. ಬೆವರು ಒರೆಸಿಕೊಳ್ಳಲೂ ಬಿಡಲಿಲ್ಲ. ಏಳನೆಯ ಸಲ ಅವಳ ದನಿ ಕೊಂಬೆಯ ಹಾಗೆ ಬಾಗಿ ಎದ್ದಾಗ, ಕಣ್ಣು ಮುಚ್ಚಿ, 'ಹಾಂ... ಬಂತು' ಅಂದರು.

ನೀಲವ್ವನಿಗೆ ತಡೆಯಲಾಗಲಿಲ್ಲ. 'ಅಜ್ಜಾರ, ಹೆಣ್ಣುಮಕ್ಕಳು ಸಭಾದಾಗ ಹಾಡಬಾರದು ಅಂತ ಪೇಪರಿನ್ಯಾಗ ನೀವs ಹೇಳೀರಿ. ಈಗ ನೀವs ಕಲಸಾಕ ಹತ್ತೀರಿ.'

ಅಡವಯ್ಯನವರು ತಂತಿಯನ್ನು ಬೆರಳಿನಿಂದ ಸವರಿದರು. 'ಪದ ತಪ್ಪಿದ್ರ ತಿದ್ದಬೇಕು. ಅದು ನನ್ನ ಕೆಲಸ. ಆ ಮಾತು ನನ್ನ ಅಭಿಪ್ರಾಯ. ಅದೇನೂ ಬದಲಾಗಿಲ್ಲ, ತಂಗೀ.'

ದಾನವ್ವ ಹೇಳಿದಳು, 'ನಮ್ಮದೂ ಬದಲಾಗಿಲ್ರಿ ಅಜ್ಜಾರ. ಸಾಲು ಇನ್ನೊಮ್ಮಿ ಹೇಳ್ರಿ.'

ಮುದುಕ ಅವಳ ಮುಖವನ್ನು ನೋಡಿದರು. ಸಿಟ್ಟು ಬಂದಿತ್ತೋ, ನಗು ಬಂದಿತ್ತೋ ಗಡ್ಡದಲ್ಲಿ ತಿಳಿಯಲಿಲ್ಲ. ಸಾಲನ್ನು ಇನ್ನೊಮ್ಮೆ ಹೇಳಿಕೊಟ್ಟರು.

ಸಂಜೆ ಅವರು ಹಾಡಿದ್ದನ್ನು ನಾನು ಹೇಗೆ ಹೇಳಲಿ? ದಾನವ್ವ ನನ್ನ ಕೆಂಪು ಗುಂಡಿ ಒತ್ತಿ ಮೊದಲ ಸಾಲಿನಲ್ಲಿ ಕೂತಳು. ಎರಡು ಹಲ್ಲು ಬಿದ್ದ ಬಾಯಿಂದ ಅಷ್ಟು ದುಂಡಗಿನ ಮಾತು ಬರುವುದು ಹೇಗೆ? ಎಳೆದ ದನಿ ಮಠದ ಮಾಳಿಗೆಗೆ ಹೋಗಿ, ಅಲ್ಲಿ ಸ್ವಲ್ಪ ಕೂತು, ಇಳಿದು ಬರುತ್ತಿತ್ತು. ಸೀರೆಯ ಗಂಟು ಹೊತ್ತು ದಣಿದ ಗಂಡಸರು, ಕೂಸು ಮಲಗಿಸಿಕೊಂಡ ತಾಯಂದಿರು ಯಾರೂ ಮಿಸುಕಲಿಲ್ಲ. ನೀಲವ್ವ ಬಿಕ್ಕುತ್ತಿದ್ದಳು. ಅವರ ಮೇಲಿನ ಸಿಟ್ಟು ಇಳಿದಿರಲಿಲ್ಲ, ಆದರೂ ಬಿಕ್ಕುತ್ತಿದ್ದಳು.

ಮಂಗಳದ ಪದಕ್ಕೆ ಮುಂಚೆ ಅಜ್ಜ ಮೈಕಿನಲ್ಲಿ ಎರಡು ಮಾತಾಡಿದರು. 'ಮಧ್ಯಾಹ್ನ ಹೆಣ್ಣುಮಕ್ಕಳು ಚಲೋ ಹಾಡಿದ್ರು. ಆದ್ರ ನನ್ನ ಮಾತು ನನ್ನದು. ಅವರ ಜಾಗಾ ಮನಿ, ಮಠದ ಕಟ್ಟಿ ಅಲ್ಲ.'

'ಬಂದ್ ಮಾಡs ಅದನ್ನ' ಎಂದು ನೀಲವ್ವ ಪಿಸುಗುಟ್ಟಿದಳು. ದಾನವ್ವನ ಬೆರಳು ನನ್ನ ಗುಂಡಿಯ ಮೇಲೆ ಬಂತು. ಬಂದು, ಹಾಗೇ ನಿಂತಿತು. 'ಇರಲಿ' ಅಂದಳು. 'ಅಂದದ್ದು ಅಂದಾರ. ಇರಲಿ.' ಮಾತೂ ತುಂಬಿತು, ಅದರ ಹಿಂದೆಯೇ ಮಂಗಳದ ಪದವೂ ತುಂಬಿತು.

ಮನೆಗೆ ಬರುವಾಗ ಚೀಲ ಗುರುಸಿದ್ದಪ್ಪನ ಹೆಗಲ ಮೇಲಿತ್ತು. ದಾರಿಯುದ್ದಕ್ಕೂ ಅವನು ಒಂದೇ ಮಾತಾಡಿದ: 'ಏಳನೇದು ಚಲೋ ಬಂತು.'

ಹನ್ನೊಂದು ಶ್ರಾವಣ ಕಳೆದವು. ಭಜನೆ ನಿಲ್ಲಲಿಲ್ಲ, ಐವರು ಹದಿನಾಲ್ಕು ಮಂದಿಯಾದರು. ಮನೆಗೆ ಟೀವಿ ಬಂತು. ನನ್ನ ಮೋಟರು ಏದುಸಿರು ಬಿಡತೊಡಗಿತು. ಒಂದು ದಿನ ಅಡವಯ್ಯನವರು ತೀರಿಕೊಂಡ ಸುದ್ದಿ ಬಂತು. ದಾನವ್ವ ಆ ದಿನ ರಾಟಿ ಮುಟ್ಟಲಿಲ್ಲ.

ತಿಂಗಳ ನಂತರ ಬಾಗಲಕೋಟೆಯಿಂದ ಪಟ್ಟೇದ ಮಾಸ್ತರರು ಎಂಬವರು ಬಂದರು. ಅಜ್ಜನ ಸ್ಮರಣೆಗೆಂದು ಹಾಡು ಸಂಗ್ರಹಿಸುತ್ತಿದ್ದರು. ಎದುರಿಗೆ ಜನ ಕೂತಾಗಿನ ಹಾಡು ದಾನವ್ವನ ಹತ್ತಿರ ಮಾತ್ರ ಇದೆಯೆಂದು ಅವರಿಗೆ ತಿಳಿದಿತ್ತು. ದಾನವ್ವ ನನ್ನ ಧೂಳು ಒರೆಸಿ ಕ್ಯಾಸೆಟ್ಟು ಹಾಕಿದಳು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ನಾನು ತಿರುಗಿದೆ. ಮಾಸ್ತರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಆ ಮಾತು ಬಂತು. ಅವರು ತಲೆ ತಗ್ಗಿಸಿದರು.

'ಇದಷ್ಟು ತೆಗೆದುಬಿಡೋಣ್ರಿ ತಾಯಿ. ಈಗಿನ ಮಂದಿ ಕೇಳಿದ್ರ ಅಜ್ಜಾರ ಹೆಸರು ಕೆಡ್ತೈತಿ. ನನ್ನ ಮಗಳs ಜಗಳಾ ತಗೀತಾಳ, ಇಂಥಾವರ ಹಾಡು ಯಾಕ ಕೇಳ್ತಿ ಅಂತ.'

'ನಿಮ್ಮ ಮಗಳ ಸಿಟ್ಟಿನ್ಯಾಗ ತಪ್ಪಿಲ್ರಿ' ಅಂದಳು ದಾನವ್ವ. 'ನಾನೂ ಒಂಬತ್ತು ದಿನ ಕೇಳಿರಲಿಲ್ಲ. ಆದ್ರ ತೆಗೀಬ್ಯಾಡ್ರಿ. ಆ ಮಾತು ಕೇಳಿದ ಮ್ಯಾಲೂ ನಾವು ಹಾಡೇವಿ. ಅದನ್ನ ತೆಗೆದ್ರ ನಮ್ಮದೂ ಹೋಗ್ತೈತಿ.'

'ಹಾಡಿಗೆ ಕುಂದು ಬರ್ತೈತೇನೋ ಅಂತ...'

'ಹಾಡಿಗೆ ಏನೂ ಆಗಂಗಿಲ್ಲ, ಅಂಜಬ್ಯಾಡ್ರಿ. ಆ ಹಾಡು ಹಂತಾದ್ದಲ್ಲ.'

ಮಾಸ್ತರರು ಪೂರಾ ತುಂಬಿಕೊಂಡು ಹೋದರು. ಸ್ಮರಣೆಯ ದಿನ ಅದನ್ನು ಹಾಗೆಯೇ ಕೇಳಿಸಿದರಂತೆ. ಆ ಮಾತು ಬಂದಾಗ ಸಭೆಯಲ್ಲಿ ಗುಜುಗುಜು ಎದ್ದಿತಂತೆ. ಮಂಗಳದ ಪದ ಶುರುವಾದೊಡನೆ ಎಲ್ಲ ಅಡಗಿತಂತೆ. ಮಾಸ್ತರರ ಮಗಳು ಕಡೆಯವರೆಗೂ ಕೈಕಟ್ಟಿಕೊಂಡೇ ಕೂತಿದ್ದಳಂತೆ, ಆದರೆ ಎದ್ದು ಹೋಗಲಿಲ್ಲವಂತೆ. ಆಮೇಲೆ ಹದಿನಾಲ್ಕು ಹೆಣ್ಣುಮಕ್ಕಳು ವೇದಿಕೆ ಹತ್ತಿದರಂತೆ. ಇದನ್ನೆಲ್ಲ ದಾನವ್ವ ಮನೆಗೆ ಬಂದು ಗುರುಸಿದ್ದಪ್ಪನಿಗೆ ಹೇಳುವಾಗ ನಾನು ಕೇಳಿಸಿಕೊಂಡೆ.

ಈಗ ನಾನು ತಿರುಗುವುದಿಲ್ಲ. ಗೋಡೆಯ ಎತ್ತರದ ನಾಗೊಂದಿಗೆಯ ಮೇಲೆ ಹಳೆಯ ಲಾಟೀನಿನ ಪಕ್ಕದಲ್ಲಿದ್ದೇನೆ. ಗುಜರಿಯವನು ಕೇಳಿದಾಗ ದಾನವ್ವ ಕೊಡಲಿಲ್ಲ. ಬಾಳಿನುದ್ದಕ್ಕೂ ನನ್ನೊಳಗೆ ಬಂದದ್ದನ್ನೆಲ್ಲ ಭೇದವಿಲ್ಲದೆ ಹಿಡಿದೆ. ಆರಿಸುವುದು ನನಗೆ ತಿಳಿಯದು. ಅದು ಕೇಳುವವರ ಕೆಲಸ. ಆ ಕೆಲಸವನ್ನು ಕಣ್ಣು ತೆರೆದು ಮಾಡಿದ ಒಬ್ಬ ಹೆಣ್ಣುಮಗಳ ಮನೆಯಲ್ಲಿ ನಾನು ಮುದುಕನಾದೆ. ಇಂದು ಸೋಮವಾರ. ಕೆಳಗೆ ಚಾಪೆ ಹಾಸುತ್ತಿದ್ದಾರೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ದನಿ ಏಳುತ್ತಿಲ್ಲ. 'ಅಂಜಬ್ಯಾಡ' ಅನ್ನುತ್ತಿದ್ದಾಳೆ ದಾನವ್ವ, 'ಬಾಯಿ ತೆರಿ. ಮತ್ತ ಹೇಳು.'