ಅಮ್ಮನ ಪಕ್ಕದ ಜಾಗ

ಸೆತ್ಸುವೊನ ಎದೆಯ ಮೇಲೆ ಮಗಳು ಇಟ್ಟಿದ್ದ ಕ್ರೊಸಾನನ್ನು ಅವನ ಅಣ್ಣ ಮಸಕಾಜು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡೇ ಬೆರಳಲ್ಲಿ ಎತ್ತಿ, ಶವಪೆಟ್ಟಿಗೆಯ ಹೊರಗೆ ಹಾಕಿದ.

“ಯಾರು ಇಟ್ಟಿದ್ದು ಇದನ್ನ?”

“ನಾನೇ ದೊಡ್ಡಪ್ಪ,” ಎಂದಳು ಚಿಜುರು. “ಅಪ್ಪ ದಿನಾ ಮಾಡ್ತಿದ್ದಿದ್ದು. ಬೆಳಿಗ್ಗೆ ಬೇಯಿಸಿ ತಂದೆ.”

“ನಮ್ಮಪ್ಪನ ಹೂರಣಾನ ಫ್ರೆಂಚರ ಬೆಣ್ಣೆ ಹಿಟ್ಟಲ್ಲಿ ಸುತ್ತಿ ಮಾರಿ ಮನೆ ಮಾನ ಕಳೆದಿದ್ದು ಸಾಲಲಿಲ್ವಾ? ಹೋಗುವಾಗ ಬುತ್ತಿ ಬೇರೆ ಕೇಡು!”

“ಮಸಕಾಜು, ಹೆಣದ ಮುಂದೆ ಬಾಯಿ ಮುಚ್ಕೊಂಡಿರೋ,” ಎಂದಳು ತೋಫು ಅಂಗಡಿಯ ಕುಮೆ ಅಜ್ಜಿ.

“ನಿಮಗೇನಜ್ಜಿ, ವಾರಕ್ಕೆ ಎರಡೆರಡು ತಿಂತಿದ್ರಿ.”

“ತಿಂತಿದ್ದೆ ಕಣೋ. ನಿನ್ನಂಗಡಿ ಉಂಡೆಗಿಂತ ಚೆನ್ನಾಗಿತ್ತು.”

ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಮೂಗು ಸೀಟಿದರು. ಚಿಜುರು ನಗಲಿಲ್ಲ. ಕ್ರೊಸಾನ್ ಹೋದರೆ ಹೋಗಲಿ. ಅವಳಿಗೆ ಈ ಮನುಷ್ಯನ ಬಾಯಿಂದ ಒಂದೇ ಒಂದು ‘ಹೂಂ’ ಬೇಕಿತ್ತು. ಆಸ್ಪತ್ರೆಯಲ್ಲಿ ಅಪ್ಪ ಕೇಳಿದ್ದು ಒಂದೇ: “ನನ್ನನ್ನ ನಮ್ಮಮ್ಮನ ಪಕ್ಕ ಇಟ್ಟುಬಿಡು.” ಆದರೆ ಸುಟ್ಟ ಎಲುಬಿನ ಪಾತ್ರೆ ಇಡುವ ಮನೆತನದ ಸಮಾಧಿಗೆ ಹಿರಿಮಗನೇ ಯಜಮಾನ. ಅವನು ಒಪ್ಪದೆ ಆ ಕಲ್ಲನ್ನು ಯಾರೂ ಸರಿಸುವಂತಿಲ್ಲ.

“ದೊಡ್ಡಪ್ಪ, ಸಮಾಧಿ ವಿಷಯ…”

“ಕಿರಿಮಗ ತನ್ನ ಸಮಾಧಿ ತಾನೇ ಕಟ್ಟಿಸ್ಕೋಬೇಕು. ಅದೂ ಅಪ್ಪ ಮನೆಯಿಂದ ಹೊರಗೆ ಹಾಕಿದವನು! ಬೇರೆ ಮಾತಿದ್ರೆ ಆಡು.”

ಪೆಟ್ಟಿಗೆಯ ಮುಚ್ಚಳ ಬಿತ್ತು.

*

ಹೊರಗೆ ಹಾಕಿದ್ದು ನಲವತ್ತೆಂಟು ವರ್ಷದ ಹಿಂದೆ, ಶರತ್ಕಾಲದ ಹಿರಿಯರ ಪೂಜೆಯ ವಾರದಲ್ಲಿ. ಕೋಬೆಯ ನಮ್ಮ ಬೀದಿಯಲ್ಲಿ ಆಗ ಇದ್ದದ್ದು ಈ ಅಣ್ಣತಮ್ಮಂದಿರ ಅಪ್ಪನದೊಂದೇ ಸಿಹಿ ಅಂಗಡಿ. ಮಂದಿರಕ್ಕೆ ಹೂರಣ ಮೆತ್ತಿದ ಮುನ್ನೂರು ಅನ್ನದುಂಡೆ ಹೋಗಬೇಕಿತ್ತು. ಹೂರಣದ ಕೆಂಪು ಕಾಳು ಹೆಬ್ಬೆರಳು ಕಿರುಬೆರಳ ನಡುವೆ ಹಿಸುಕಿದರೆ ಮುದ್ದೆಯಾಗಬೇಕು, ಆಮೇಲೆಯೇ ಸಕ್ಕರೆ. ಅದಕ್ಕೂ ಮೊದಲು ಸಕ್ಕರೆ ಬಿದ್ದರೆ ಮುಗಿಯಿತು, ದಿನವಿಡೀ ಕುದಿಸಿದರೂ ಕಾಳು ಬೇಯುವುದಿಲ್ಲ. ಆ ದಿನ ಯಾರೋ ಅವಸರಪಟ್ಟಿದ್ದರು. ಮಂದಿರದ ಹಿರಿಯ ಗುರುಗಳು ಉಂಡೆ ಕಚ್ಚಿ, ಕಟ್ಟಿಸಿದ ಹಲ್ಲನ್ನು ಅಂಗೈಗೆ ಉಗಿದರು. ಭಕ್ತರೆಲ್ಲ ಕಣ್ಣಾರೆ ನೋಡಿದರು.

ಇದು ಕಿರಿಯವನದೇ ಕೆಲಸ ಎಂದು ಅಪ್ಪ ಮರದ ಹುಟ್ಟಿನಿಂದ ಸೆತ್ಸುವೊಗೆ ಬಾರಿಸಿದರು. ಅವನು ಇಲ್ಲವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ಸಂಜೆಯೊಳಗೆ ಬಟ್ಟೆ ಗಂಟು ಕಟ್ಟಿಕೊಂಡು ಕಿತಾನೊ ಗುಡ್ಡ ಹತ್ತಿದ. ಅಲ್ಲಿ ಒಬ್ಬ ಮುಂಗೋಪಿ ಫ್ರೆಂಚ್ ಮುದುಕನ ಅಡುಗೆಮನೆಯಲ್ಲಿ ಹತ್ತು ವರ್ಷ ತಟ್ಟೆ ತೊಳೆದ, ಬೈಸಿಕೊಂಡ, ಬೆಣ್ಣೆ ಹಿಟ್ಟು ಮಡಚುವುದನ್ನು ಕಲಿತ.

ಆಮೇಲೆ ಬಂದು, ಅದೇ ಬೀದಿಯಲ್ಲಿ, ಅಪ್ಪನ ಅಂಗಡಿಯಿಂದ ನಾಲ್ಕೇ ಬಾಗಿಲು ಆಚೆ ಬೇಕರಿ ತೆರೆದ. ಎಂಥ ಧೈರ್ಯ ನೋಡಿ! ಕ್ರೊಸಾನಿನೊಳಗೆ ಕಾಳಿನ ಹೂರಣ, ಮೊಟ್ಟೆ ಕೇಕಿನ ಮೇಲೆ ಉಪ್ಪು ಹಾಕಿದ ಚೆರ್ರಿ ಎಲೆ, ಬೆಣ್ಣೆ ಬನ್ನಿನ ಮೇಲೆ ಹುರಿದ ಸೋಯಾ ಹಿಟ್ಟು. ಅಪ್ಪ ಸಾಯುವವರೆಗೂ ಆ ಕಡೆ ತಲೆ ಹಾಕಲಿಲ್ಲ. ಅಮ್ಮ ಮಾತ್ರ ಗುರುವಾರ ಹಿತ್ತಲ ಬಾಗಿಲಿಂದ ಬಂದು, ನಿಂತೇ ಒಂದು ತಿಂದು, ಕಿಮೋನೋ ಮೇಲೆ ಉದುರಿದ ಚೂರನ್ನೆಲ್ಲ ಬೆರಳಿಗೆ ಅಂಟಿಸಿಕೊಂಡು ನೆಕ್ಕಿ, ಬಾಯಿ ಒರೆಸಿಕೊಂಡು ಹೋಗುತ್ತಿದ್ದಳು.

*

ಚಿತಾಗಾರದ ಕೋಣೆಯಲ್ಲಿ ಎಲ್ಲರೂ ಚಹಾ ಹಿಡಿದು ಕೂತಿದ್ದರು. ಸುಡುವುದಕ್ಕೆ ಒಂದೂವರೆ ಗಂಟೆ ಬೇಕು. ಚಿಜುರು ಎದ್ದು ಹೋಗಿ ದೊಡ್ಡಪ್ಪನ ಎದುರಿಗೇ ಕೂತಳು.

“ಆವತ್ತು ಸಕ್ಕರೆ ಹಾಕಿದ್ದು ನಮ್ಮಪ್ಪ ಅಲ್ಲ.”

ಮಸಕಾಜು ಚಹಾ ಬಟ್ಟಲು ಕೆಳಗಿಟ್ಟ. “ಯಾರು ಹೇಳಿದ್ರು ನಿನಗೆ?”

ಹಾಗಾದರೆ ಮತ್ತ್ಯಾರು ಎಂದು ಅವನು ಕೇಳಲಿಲ್ಲ. ಅಷ್ಟು ಸಾಕಾಯಿತು ಅವಳಿಗೆ.

“ಅಪ್ಪಾನೇ ಬಾಯ್ತಪ್ಪಿ ಒಂದ್ಸಲ ಅಂದಿದ್ರು. ನನಗೆ ಹೂರಣ ಕಲಿಸುವಾಗ. ‘ಕಾಯಬೇಕು ಮಗಳೇ, ನಮ್ಮಣ್ಣನಿಗೆ ಕಾಯೋಕಾಗಲಿಲ್ಲ’ ಅಂತ. ಆಮೇಲೆ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ.”

“ಸತ್ತವನ ಹೆಸರಲ್ಲಿ ಏನು ಬೇಕಾದ್ರೂ ಹೇಳಬಹುದು.”

“ಆ ಹೊತ್ತಲ್ಲಿ ಸೆತ್ಸುವೊ ನಮ್ಮಂಗಡೀಲಿದ್ದ,” ಎಂದಳು ಕುಮೆ ಅಜ್ಜಿ, ನೆಲ ನೋಡುತ್ತಾ. “ನನ್ನ ಗಂಡನ ಜೊತೆ ಮೂಟೆ ಇಳಿಸ್ತಿದ್ದ.”

ಚಿಜುರು ಗಕ್ಕನೆ ತಿರುಗಿದಳು. “ಅಜ್ಜೀ! ಗೊತ್ತಿದ್ದೂ ಸುಮ್ಮನಿದ್ರಾ?”

“ಮಸಕಾಜು ಹಿರಿಮಗ ಕಣಮ್ಮ. ಅಂಗಡಿ ಅವನದಾಗೋದಿತ್ತು. ನಾವು ಬೇರೆಯವರ ಮನೆ ವಿಷಯಕ್ಕೆ ಹೇಗೆ ಕೈ ಹಾಕೋದು?”

ನಮ್ಮ ಬೀದಿಯವರ ಹಣೆಬರಹವೇ ಇದು. ದಿನಾ ಬಗ್ಗಿ ನಮಸ್ಕಾರ ಮಾಡುತ್ತೇವೆ, ಸೆತ್ಸುವೊನ ಕೈಯ ತಿಂಡಿ ತಿನ್ನುತ್ತೇವೆ, ಬಾಯಿಗೆ ಮಾತ್ರ ಬೀಗ. ಥೂ! ಕೋಣೆಯಲ್ಲಿದ್ದ ಅರ್ಧ ಜನ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

“ಮುದುಕಿಗೆ ಅರಳುಮರಳು,” ಎಂದ ಮಸಕಾಜು. “ಸಮಾಧಿ ಕೊಡಲ್ಲ ಅಂದ್ರೆ ಕೊಡಲ್ಲ.”

ಅಷ್ಟರಲ್ಲಿ ಸಿಬ್ಬಂದಿ ಬಂದು ಬಾಗಿ ಕರೆದ.

ಕಬ್ಬಿಣದ ಹಲಗೆಯ ಮೇಲೆ ಸೆತ್ಸುವೊ ಬಿಳಿ ಎಲುಬುಗಳಾಗಿ ಮಲಗಿದ್ದ. ಇನ್ನೂ ಕಾವಿತ್ತು. ಒಂದೊಂದು ಎಲುಬನ್ನೂ ಇಬ್ಬಿಬ್ಬರು ಸೇರಿ ಬಿದಿರಿನ ಜೋಡಿ ಕಡ್ಡಿಗಳಲ್ಲಿ ಹಿಡಿದು ಪಾತ್ರೆಗೆ ಇಳಿಸಬೇಕು, ಕಾಲಿನಿಂದ ಶುರುಮಾಡಿ ತಲೆಯವರೆಗೆ. ಕೊನೆಗೆ ಉಳಿಯುವುದು ಕುತ್ತಿಗೆಯ ಎಲುಬು, ಕೂತ ಬುದ್ಧನ ಆಕಾರದ್ದು. ಅದಕ್ಕೆ ಅಂಗೈಯಗಲದ ಬೇರೆ ಪಾತ್ರೆ, ಮತ್ತು ತೀರಾ ಹತ್ತಿರದ ಇಬ್ಬರೇ ಎತ್ತಬೇಕು. ಮಗಳು ಒಬ್ಬಳು. ಇನ್ನೊಬ್ಬ ಅಣ್ಣನಲ್ಲದೆ ಯಾರು?

ಇಬ್ಬರೂ ಎರಡು ಕಡೆಯಿಂದ ಹಿಡಿದು ಎತ್ತಿದರು. ಎಲುಬು ಪಾತ್ರೆಯ ಮೇಲೆ ಬಂತು. ಚಿಜುರು ಅಲ್ಲೇ ಕೈ ನಿಲ್ಲಿಸಿದಳು.

“ಇಳಿಸು,” ಎಂದ ಮಸಕಾಜು.

“ಎಲ್ಲಿಗೆ ಹೋಗುತ್ತೆ ಅಂತ ಹೇಳಿ. ಅಲ್ಲೀವರೆಗೂ ಇಳಿಸಲ್ಲ.”

“ಹುಚ್ಚು ಹಿಡೀತಾ ನಿನಗೆ? ಬಿದ್ದುಹೋಗುತ್ತೆ.”

“ಬಿದ್ರೆ ಇಬ್ಬರ ಕೈಯಿಂದಲೂ ಬೀಳುತ್ತೆ. ಈ ಸಲ ಅಪ್ಪನ ಮೇಲೆ ಹಾಕೋಕಾಗಲ್ಲ.”

ಎಪ್ಪತ್ತನಾಲ್ಕರ ಮುದುಕ ಕಡ್ಡಿಗಳನ್ನು ಬಿಗಿಹಿಡಿದ. ಎಲುಬು ಒಂಚೂರು ಜಾರಿತು.

“ನಾನೇ ಹಾಕಿದ್ದು,” ಎಂದ ಅವನು.

“ಜೋರಾಗಿ ಹೇಳಿ. ಬೀದಿಯವರೆಲ್ಲ ಇಲ್ಲೇ ಇದ್ದಾರೆ.”

“ಸಕ್ಕರೆ ನಾನೇ ಹಾಕಿದ್ದು! ಅವನು ಬಾಯಿ ಬಿಡ್ತಾನೆ ಅಂತ ಕಾದೆ. ಪಾಪಿ, ಬಿಡಲೇ ಇಲ್ಲ.”

“ಸಮಾಧಿ?”

“ಅಮ್ಮನ ಪಕ್ಕ ಒಂದೇ ಜಾಗ ಇರೋದು. ನನಗೆ ಅಂತ ಇಟ್ಕೊಂಡಿದ್ದೆ.”

“ದೊಡ್ಡಪ್ಪ.”

“ತಗೋ. ಅವನಿಗೇ ಇರಲಿ.”

ಚಿಜುರು ಕೈ ತಗ್ಗಿಸಿದಳು. ಎಲುಬು ಪಾತ್ರೆಯ ತಳ ಮುಟ್ಟಿತು. ಅವಳು ತನ್ನ ಕಡ್ಡಿಗಳನ್ನು ಬಿಡಿಸಿಕೊಂಡು ಹಿಂದೆ ಸರಿದಳು.

ಮಸಕಾಜು ಬಿಡಲಿಲ್ಲ. ಪಾತ್ರೆಯೊಳಗೆ ಕಡ್ಡಿ ಇಟ್ಟುಕೊಂಡು ತಮ್ಮನ ಎಲುಬನ್ನು ಒಬ್ಬನೇ ಹಿಡಿದು ನಿಂತಿದ್ದ. ಸಿಬ್ಬಂದಿ ಮುಚ್ಚಳ ಹಿಡಿದುಕೊಂಡು ಪಕ್ಕದಲ್ಲಿ ಕಾಯುತ್ತಿದ್ದ.